ಪಶುಪತಿಯ ಮಡಚುರಥ ಮತ್ತು ಎರಡು ನಿಂಬೆಹಣ್ಣು

ಎಲೈ ವಾಗ್ದೇವಿಯೇ, ಸಕಲ ನಾಲಿಗೆಗಳ ಒಡತಿಯೇ, ತುಕ್ಕು ಹಿಡಿದ ನನ್ನ ಈ ನಾಲಿಗೆಗೂ ಎರಡು ತೊಟ್ಟು ಎಣ್ಣೆ ಬಿಡು. ನಾನೀಗ ಹೇಳಹೊರಟಿರುವುದು ಸಾಮಾನ್ಯರ ಕಥೆಯಲ್ಲ. ಅಗೆದ ರಸ್ತೆಯನ್ನು ಮುಚ್ಚುವುದೂ ಮುಚ್ಚಿದ ರಸ್ತೆಯನ್ನು ಮತ್ತೆ ಅಗೆಯುವುದೂ ಪರಮಧರ್ಮವಾಗಿದ್ದ ಯುಗದಲ್ಲಿ, ಲಕ್ಷೋಪಲಕ್ಷ ಸೈಲೆನ್ಸರುಗಳ ಧೂಮಕ್ಕೆ ಸೂರ್ಯದೇವನೇ ಕೆಮ್ಮಿಕೊಂಡು ಮೂಡುತ್ತಿದ್ದ ಬೆಂಗಳೂರು ಮಹಾನಗರದಲ್ಲಿ, ಹನುಮಂತನಗರವೆಂಬ ಗಿರಿದುರ್ಗದ ನೆತ್ತಿಯ ಮೇಲೊಂದು ಬಾಡಿಗೆ ಮನೆಯಲ್ಲಿ, ಸಮೃದ್ಧೋದರನೂ ವಿರಳಕೇಶನೂ ವಿಮಾ ಕಚೇರಿಯ ಹಿರಿಯ ಗುಮಾಸ್ತನೂ ಆದ ಪಶುಪತಿ ಎಂಬ ಮಹಾವೀರನಿದ್ದನು.

ದ್ವಾಪರದಲ್ಲಿ ಪಾಶುಪತವೆಂಬ ಅಸ್ತ್ರ ಬೇಕಾದವನು ಊಟ ನಿದ್ದೆ ಬಿಟ್ಟು ತಪಸ್ಸು ಮಾಡಬೇಕಿತ್ತು. ನಮ್ಮ ಪಶುಪತಿ ಅಷ್ಟು ಕಷ್ಟಪಡಲಿಲ್ಲ. ಹದಿನಾಲ್ಕು ವರ್ಷ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತಿರುಗಿದ್ದ ಸ್ಕೂಟರನ್ನು ಮಾರಿದನು, ಅಷ್ಟೇ. ಪ್ರತಿಯಾಗಿ ಪ್ರಾಪ್ತವಾದದ್ದು, ನೀಲಮಣಿವರ್ಣಶೋಭಿತವೂ ಷೋಡಶಾಂಗುಲಚಕ್ರದ್ವಯವಿರಾಜಿತವೂ ಕಂದುಬಣ್ಣದ ಚರ್ಮಪೀಠಾಲಂಕೃತವೂ ಹತ್ತೇ ಸೆಕೆಂಡಿನಲ್ಲಿ ತನ್ನನ್ನು ತಾನೇ ಮೂರು ಮಡಿಕೆ ಮಾಡಿಕೊಳ್ಳುವಂಥದ್ದೂ ಆದ ಒಂದು ಮಡಚುವ ಸೈಕಲ್.

ಅದು ಅವನಿಗೆ ಬರಿಯ ಸೈಕಲ್ ಆಗಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಕಚೇರಿಗೆ ಹೋಗಿದ್ದರೂ ಅವನು ಬಂದನೆಂದು ಒಂದು ತಲೆಯೂ ಮೇಲೆದ್ದಿರಲಿಲ್ಲ. ಆ ಸೈಕಲನ್ನು ಮಡಚಿ ಮೇಜಿನ ಕೆಳಗೆ ಸರಿಸಿದ ದಿನ ಇಡೀ ಕಚೇರಿ ಎದ್ದು ಬಂದು ಸುತ್ತುಗಟ್ಟಿತು. ಮ್ಯಾನೇಜರು ಬಗ್ಗಿ ನೋಡಿದರು. ಬಗ್ಗಿದ ಮ್ಯಾನೇಜರನ್ನು ಒಮ್ಮೆ ಕಂಡ ಗುಮಾಸ್ತ ಮತ್ತೆ ಸ್ಕೂಟರು ಹತ್ತಿಯಾನೇ?

ಹೀಗಿರಲು ಆಯುಧಪೂಜೆ ಬಂತು. ಆ ಬೆಳಿಗ್ಗೆ ಪಶುಪತಿಯ ಧರ್ಮಪತ್ನಿ ವಿಶಾಲಾಕ್ಷಿ, ಈಳಿಗೆಮಣೆ, ಮಿಕ್ಸಿ, ಹೊಲಿಗೆ ಮಿಷನ್ನುಗಳನ್ನೆಲ್ಲ ತೊಳೆದು ಒರೆಸಿ ದೇವರ ಮುಂದೆ ಸಾಲಾಗಿ ಜೋಡಿಸಿದ್ದಳು. ಅವಳ ತಮ್ಮ ಗುರುಮೂರ್ತಿ ಒಬ್ಬಟ್ಟಿನ ವಾಸನೆ ಹಿಡಿದು ಆಗಲೇ ಬಂದು, ಗುಡುಗುಡು ಗರ್ಜಿಸುವ ತನ್ನ ಮೋಟಾರ್‌ಬೈಕನ್ನು ಗೇಟಿನ ಬಳಿ ನಿಲ್ಲಿಸಿ, ಅದರ ಕೊರಳಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದನು. ಭಾವನ ಸೈಕಲನ್ನು ಅವನು ಅಂದೇ ಮೊದಲು ನೋಡಿದ್ದು.

"ಭಾವ, ಇದು ಪೂರ್ತಿ ಬಂದಿದ್ಯಾ, ಇನ್ನರ್ಧ ಆಮೇಲೆ ಕಳಿಸ್ತಾರಾ?"

"ಅದರ ಸೈಜೇ ಅಷ್ಟು ಗುರು. ಜಾಗ ಎಷ್ಟು ಕಮ್ಮಿ ತಗೊಳ್ಳುತ್ತೆ ಗೊತ್ತಾ?" ಎಂದನು ಪಶುಪತಿ. ಆ ಮಾತನ್ನು ಅವನು ಆ ತಿಂಗಳಲ್ಲಿ ಆಡಿದ್ದು ನೂರಾ ಹನ್ನೊಂದನೇ ಸಲ. ನಾನು ಎಣಿಸಿದ್ದೇನೆ.

"ನಂಗೂ ಜಾಗ ಇಲ್ಲದ ಹಾಗೆ ಮಾಡಿದ್ದಾರೆ ನೋಡು," ಎಂದಳು ವಿಶಾಲಾಕ್ಷಿ ಕೈ ಒರೆಸಿಕೊಳ್ಳುತ್ತ. "ತರಕಾರಿಗೆ ಹೋಗ್ಬೇಕಾದ್ರೆ ಇವರು ಜುಮ್ ಅಂತ ಸೈಕಲ್ ಮೇಲೆ, ನಾನು ಚೀಲ ಹಿಡ್ಕೊಂಡು ಹಿಂದೆ ಓಡ್ಬೇಕು. ರೀ, ಒಂದು ಕೇಳ್ತೀನಿ. ಇದನ್ನ ಪೂಜೆಗೆ ಎಲ್ಲಿಡ್ಲಿ? ಗೇಟಿನ ಹತ್ರ ಗಾಡಿ ಜೊತೇಲಾ, ಒಳಗೆ ಮಿಕ್ಸಿ ಪಕ್ಕದಲ್ಲಾ? ಇದು ಗಾಡಿನಾ, ಸಾಮಾನಾ?"

ಕೇಳಿದಿರಾ ಆ ಪ್ರಶ್ನೆಯನ್ನು? ಪಶುಪತಿ ಎಡಗೈಯನ್ನು ಕಂದುಬಣ್ಣದ ಚರ್ಮಪೀಠದ ಮೇಲೂ ಬಲಗೈಯನ್ನು ಬನಿಯನ್ನಿನ ಮೇಲೂ ಇಟ್ಟು, ಮೇಘಗಂಭೀರ ಸ್ವರದಲ್ಲಿ ನುಡಿದನು:

"ಗಾಡಿ. ಸೂರ್ಯ ಚಂದ್ರರ ಸಾಕ್ಷಿಯಾಗಿ ಹೇಳ್ತೀನಿ, ಗಾಡಿ. ಪೆಟ್ರೋಲ್ ಕುಡಿಯಲ್ಲ, ಹೊಗೆ ಉಗುಳಲ್ಲ, ಪೊಲೀಸಿನವರಿಗೆ ಹೆದರಲ್ಲ. ಫಾರಿನ್‌ನಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಇದರಲ್ಲೇ ಆಸ್ಪತ್ರೆಗೆ ಹೋಗ್ತಾರೆ."

"ಪೇಷಂಟಾಗಿ ಇರ್ಬೇಕು," ಎಂದನು ಗುರುಮೂರ್ತಿ.

ವಿಶಾಲಾಕ್ಷಿ ಹೆಸರಿಗೆ ತಕ್ಕಂತೆ ಕಣ್ಣನ್ನು ವಿಶಾಲವಾಗಿಸಿದಳು. ಆ ಕಣ್ಣು ಅಷ್ಟು ಅಗಲವಾದಾಗ ಮನೆಯಲ್ಲಿ ತೀರ್ಪು ಹೊರಬೀಳುವುದೆಂದು ಗೋಡೆಯ ಹಲ್ಲಿಗೂ ಗೊತ್ತು. "ಸರಿ. ಗಾಡಿ ಅಂದ್ರೆ ಭಾರ ಹೊರ್ಬೇಕು. ಗಾಂಧಿ ಬಜಾರಿಗೆ ಹೋಗಿ ಒಂದು ಬೂದುಗುಂಬಳಕಾಯಿ, ಎರಡು ಬಾಳೆಕಂಬ, ನಾಕು ಮೊಳ ಸೇವಂತಿಗೆ, ಎರಡು ನಿಂಬೆಹಣ್ಣು ತನ್ನಿ. ಎಲ್ಲಾ ಇದರ ಮೇಲೇ ಬರ್ಬೇಕು. ಬಂದ್ರೆ ಗೇಟಿನ ಹತ್ರ ಪೂಜೆ, ನಾನಿನ್ನು ಒಂದು ಮಾತೂ ಆಡಲ್ಲ. ಬರ್ಲಿಲ್ವಾ, ಇದು ಅಟ್ಟಕ್ಕೆ ಹೋಗುತ್ತೆ, ನಾಳಿದ್ದು ಮನೆಗೆ ಸ್ಕೂಟರ್ ಬರುತ್ತೆ."

"ಒಪ್ಪಿದೆ," ಎಂದನು ಪಶುಪತಿ. ಹಾಗೆನ್ನುವಾಗ ಗಾಂಧಿ ಬಜಾರಿಗೆ ಹೋಗುವ ದಾರಿ ಇಳಿಜಾರೆಂಬುದು ಅವನಿಗೆ ನೆನಪಿತ್ತು. ಬರುವ ದಾರಿಯೂ ಅದೇ ಎಂಬುದು ನೆನಪಿರಲಿಲ್ಲ.

ಶಿರಸ್ತ್ರಾಣಧಾರಿಯಾಗಿ, ಬೆರಳಿಲ್ಲದ ಕೈಗವಸು ತೊಟ್ಟು, ಟಿಣ್ ಎಂದು ಗಂಟೆ ಬಾರಿಸಿ ವೀರನು ಹೊರಟನು. ಆಹಾ, ಆ ವೇಗವನ್ನು ಏನೆಂದು ಬಣ್ಣಿಸಲಿ. ಚಕ್ರ ಚಿಕ್ಕದು, ಕಾಲು ದೊಡ್ಡದು. ದೂರದಿಂದ ನೋಡಿದವರಿಗೆ ಯಾರೋ ಗಾಳಿಯಲ್ಲಿ ಕುಳಿತು ಹೊಲಿಗೆ ಮಿಷನ್ ತುಳಿಯುತ್ತಿರುವಂತೆ ಕಾಣುತ್ತಿತ್ತು. ಉಳಿದವರ ಪಾಲಿಗೆ ಹಳ್ಳವಾದದ್ದು ಅವನ ಪಾಲಿಗೆ ಪಾತಾಳ. ಒಂದೊಂದು ಪಾತಾಳಕ್ಕೂ ಇಳಿದು, ಅಲ್ಲಿನ ನಾಗಲೋಕವನ್ನು ಕಂಡು, ಮರಳಿ ಭೂಮಿಗೆ ಎದ್ದು ಬಂದನು. ಒಂದು ಬೀದಿನಾಯಿ ಅಟ್ಟಿಸಿಕೊಂಡು ಬರಲೆಂದು ಎದ್ದಿತು, ಸೈಕಲನ್ನು ಮೂಸಿ ನೋಡಿತು, ನಾಲ್ಕು ಹೆಜ್ಜೆ ಪಕ್ಕದಲ್ಲೇ ನಡೆಯಿತು, ಬೇಸರವಾಗಿ ಮತ್ತೆ ಮಲಗಿತು.

ಗಾಂಧಿ ಬಜಾರಿನಲ್ಲಿ ಕುಂಬಳಕಾಯಿಯ ಗುಡ್ಡೆಯ ಹಿಂದೆ ಕುಳಿತಿದ್ದ ಮುದುಕಿ ಸೈಕಲನ್ನು ಪ್ರೀತಿಯಿಂದ ದಿಟ್ಟಿಸಿದಳು.

"ಚೆಂದಾಗೈತೆ ಕಣಣ್ಣ. ಮಗೀಗಾ?"

"ಗಾಡಿ ಅಮ್ಮ. ನಂದೇ."

"ಊಂ, ಗಾಡಿನೇ. ಮಗೀಗೆ ಎಷ್ಟು ವಯಸ್ಸು?"

ಈ ಅಪಮಾನವನ್ನು ವೀರನು ನುಂಗಿಕೊಂಡನು. ಕುಂಬಳಕಾಯಿ ಚಕ್ರಕ್ಕಿಂತ ದೊಡ್ಡದಿತ್ತು. ಅದನ್ನು ಹ್ಯಾಂಡಲಿಗೆ ಹಗ್ಗದಲ್ಲಿ ಬಿಗಿದನು, ಬಾಳೆಕಂಬಗಳೆರಡನ್ನೂ ಬೆನ್ನಿಗೆ ಬತ್ತಳಿಕೆಯಂತೆ ಕಟ್ಟಿಸಿಕೊಂಡನು, ಸೇವಂತಿಗೆಯನ್ನು ಕೊರಳಿಗೆ ಹಾಕಿಕೊಂಡನು, ನಿಂಬೆಹಣ್ಣುಗಳನ್ನು ಪ್ಯಾಂಟಿನ ಜೇಬಿಗೆ ಒಂದೊಂದು ಇಳಿಸಿದನು. ಎದುರಿಗೆ ಬಂದವರೊಬ್ಬರು ಮೆರವಣಿಗೆಯೆಂದು ಭಾವಿಸಿ ಚಪ್ಪಲಿ ಬಿಟ್ಟು ಕೈಮುಗಿದರು.

ಅನಂತರ ಏರು ಬಂತು.

ಹನುಮಂತನಗರದ ಏರು ಎಂದರೆ ಏನೆಂದು ತಿಳಿದಿರಿ? ಹಾಲಿನವನ ಮೊಪೆಡ್ಡು ಅಲ್ಲಿ ದೇವರ ಹೆಸರು ಹೇಳುತ್ತದೆ. ಪಶುಪತಿ ಹಲ್ಲು ಕಚ್ಚಿ ತುಳಿದನು. ಹತ್ತು ಮಾರು ಏರಿದನು, ಹದಿನೈದು ಮಾರು ಏರಿದನು, ಆಮೇಲೆ ತುಳಿದರೂ ತುಳಿದರೂ ಪಕ್ಕದ ಲೈಟು ಕಂಬ ಪಕ್ಕದಲ್ಲೇ ಉಳಿಯಿತು. ಭೂಮಿಯೇ ಹಿಂದಕ್ಕೆ ಸರಿಯುತ್ತಿದೆಯೆಂದು ಅವನು ನಂಬಿದನು. ಬೆವರು ಕಣ್ಣಿಗಿಳಿಯಿತು, ಪೂರ್ವಜರು ಕಣ್ಮುಂದೆ ಬಂದರು. ಐದು ನಿಮಿಷ ಹೀಗೆ ಭೂಮಂಡಲದೊಡನೆ ಹೋರಾಡಿದ ಮೇಲೆ ಬೆನ್ನ ಹಿಂದೆ ಯಾರೋ ನೆಮ್ಮದಿಯಾಗಿ ಉಸಿರುಬಿಟ್ಟಂತಾಗಿ ತಿರುಗಿ ನೋಡಿದರೆ, ಒಂದು ಬಿಳಿ ಹಸು ಬಾಳೆಕಂಬದ ಸುಳಿಯನ್ನು ಬಾಯಲ್ಲಿ ಭದ್ರವಾಗಿ ಹಿಡಿದು ಮೆಲ್ಲುತ್ತ ನಿಂತಿತ್ತು.

ಹಸುವನ್ನು ಬಿಡಿಸಿಕೊಂಡನು. ಕಾಲುಗಳನ್ನು ಬಿಡಿಸಿಕೊಳ್ಳಲಾಗಲಿಲ್ಲ, ಅವು ಕಲ್ಲಾಗಿದ್ದವು. ಆಗ ಪಕ್ಕಕ್ಕೆ ಒಂದು ಆಟೋ ಬಂದು ನಿಂತಿತು. ಅದರ ಎರಡು ಕಡೆಗೂ ಬಾಳೆಕಂಬ, ಮುಂದೆ ಹಾರ, ಗಾಜಿಗೆ ವಿಭೂತಿ. ಸಾರಥಿಯ ಹೆಸರು ಮುನಿರಾಜು.

"ಹತ್ತಿ ಸಾರ್. ಪೂಜೆ ಮಾಡಿ ಈಗ ತೆಗೆದಿದ್ದೀನಿ, ಮೊದಲನೇ ಬೋಣಿ. ಇಲ್ಲ ಅನ್ಬೇಡಿ."

"ನಂದೇ ಗಾಡಿ ಇದೆ ಕಣಪ್ಪ. ಗಾಡಿ ಒಳಗೆ ಗಾಡಿ ಹೆಂಗೆ ಹತ್ತುತ್ತೆ?"

"ಮಡಚಲ್ವಾ ಅದು?"

"ಹತ್ತು ಸೆಕೆಂಡಲ್ಲಿ ಮಡಚುತ್ತೆ," ಎಂದನು ಪಶುಪತಿ, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ.

"ಮಡಚಿದ್ಮೇಲೆ ಸಾಮಾನೇ ಅಲ್ವಾ ಸಾರ್. ಹಿಂದೆ ಹಾಕಿ."

ಧರ್ಮವು ಸೂಕ್ಷ್ಮವಾದದ್ದು. ನಡುರಸ್ತೆಯಲ್ಲಿ ನಿಂತು ಪಶುಪತಿ ಅದನ್ನು ಇನ್ನೂ ಸೂಕ್ಷ್ಮ ಮಾಡಿದನು. ಹೆಂಡತಿ ಹೇಳಿದ್ದೇನು? ಎಲ್ಲವೂ ಸೈಕಲ್ ಮೇಲೆ ಬರಬೇಕೆಂದು. ಸೈಕಲ್ ಯಾವುದರ ಮೇಲೆ ಬರಬೇಕೆಂದು ಹೇಳಿದಳೇ? ಇಲ್ಲ. ಮಡಚಿದ ಸೈಕಲ್ಲಿನ ಮೇಲೆ ಕುಂಬಳಕಾಯಿ ಕೂರಿಸಿದರೆ ಕುಂಬಳಕಾಯಿ ಸೈಕಲ್ ಮೇಲೇ ಬಂದಂತಲ್ಲವೇ? ಹೀಗೆ ಮಹಾಮಹಾ ಪಂಡಿತರು ಏಳು ದಿನ ವಾದಿಸಿದರೂ ತಲುಪಲಾರದ ಸಿದ್ಧಾಂತವನ್ನು ಅರ್ಧ ನಿಮಿಷದಲ್ಲಿ ತಲುಪಿ, ಅವನು ಆಟೋ ಏರಿದನು. ಕೂತಾಗ ಜೇಬಿನ ನಿಂಬೆಹಣ್ಣು ಒತ್ತಿದವು. ತೆಗೆದು ಪಕ್ಕದ ಸೀಟಿನ ಮೇಲಿಟ್ಟನು.

ಮನೆಯ ಹಿಂದಿನ ತಿರುವಿನಲ್ಲಿ ಇಳಿದು, ಗಡಿಬಿಡಿಯಲ್ಲಿ ಸೈಕಲ್ ಬಿಚ್ಚಿ, ಕುಂಬಳಕಾಯಿ ಬಿಗಿದು, ಕೊನೆಯ ಐವತ್ತು ಹೆಜ್ಜೆಯ ದಾರಿಯನ್ನು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಎದೆ ಸೆಟೆಸಿ ಸವಾರಿ ಮಾಡಿದನು.

ಗೇಟಿನಲ್ಲಿದ್ದ ಗುರುಮೂರ್ತಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ವಿಶಾಲಾಕ್ಷಿ ಕುಂಬಳಕಾಯಿ ನೋಡಿದಳು, ಸುಳಿಯಿಲ್ಲದ ಬಾಳೆಕಂಬ ನೋಡಿದಳು, ಗಂಡನ ಬೆವರು ನೋಡಿದಳು. ಅವಳ ಮುಖ ಸ್ವಲ್ಪ ಮೆತ್ತಗಾಯಿತು.

"ಪಾಪ, ಎಷ್ಟು ಬೆವತಿದ್ದೀರ. ಗುರು, ನಿನ್ನ ಬೈಕು ಆಚೆ ತಳ್ಳು. ಭಾವನ ಗಾಡಿ ನಿಲ್ಲಲಿ."

ಭಾವನ ಗಾಡಿ. ಆ ಎರಡು ಶಬ್ದ ಕಿವಿಗೆ ಬಿದ್ದಾಗ ಪಶುಪತಿಗೆ ಆಕಾಶದಿಂದ ಹೂವು ಸುರಿದಂತೆ ಭಾಸವಾಯಿತು. ರಂಗೋಲಿಯ ಮೇಲೆ ಸೈಕಲ್ ನಿಂತಿತು, ಹ್ಯಾಂಡಲಿಗೆ ಗಂಧ, ಗಂಟೆಗೆ ಕುಂಕುಮ. ಇನ್ನು ಚಕ್ರದಡಿ ಇಟ್ಟು ಹತ್ತಿಸಿ ಒಡೆಯಲು ನಿಂಬೆಹಣ್ಣೊಂದೇ ಬಾಕಿ.

"ಎಲ್ರೀ ನಿಂಬೆಹಣ್ಣು?"

ಪಶುಪತಿ ಎಡ ಜೇಬು ಮುಟ್ಟಿದನು. ಬಲ ಜೇಬು ಮುಟ್ಟಿದನು. ಅಷ್ಟರಲ್ಲಿ ಪೋಂ ಪೋಂ ಎಂದು ವಿಧಿ ಬಂದು ಗೇಟಿನ ಮುಂದೆ ನಿಂತಿತು.

"ಸಾರ್, ನಿಂಬೆಹಣ್ಣು ಸೀಟಲ್ಲೇ ಬಿಟ್ಬಿಟ್ಟಿದ್ರಿ," ಎಂದನು ಮುನಿರಾಜು, ಎರಡೂ ಹಣ್ಣನ್ನು ಭಕ್ತಿಯಿಂದ ನೀಡುತ್ತ. "ಬೀದಿ ಎಲ್ಲಾ ಹುಡುಕ್ದೆ. ಹಬ್ಬದ ದಿನ ಬೇರೆಯವರ ನಿಂಬೆಹಣ್ಣು ನಮಗ್ಯಾಕೆ ಅಂತ. ಆ ಸಾಮಾನು ಇಳಿಸೋವಾಗ ಕಾಲಿಗೇನೂ ತಾಗ್ಲಿಲ್ವಲ್ಲ ಸಾರ್?"

ಗುರುಮೂರ್ತಿ ಸುಖದಿಂದ ಕಣ್ಣು ಮುಚ್ಚಿದನು. "ಭಾವ, ಸೂರ್ಯ ಚಂದ್ರರ ಜೊತೆ ಇವರನ್ನೂ ಸಾಕ್ಷಿಗೆ ಸೇರಿಸ್ಕೋಬೇಕಿತ್ತು ನೀವು."

"ಕುಂಬಳಕಾಯಿ ಸೈಕಲ್ ಮೇಲೇ ಇತ್ತು ವಿಶಾಲು," ಎಂದನು ಪಶುಪತಿ. ಸಿದ್ಧಾಂತ ರಸ್ತೆಯಲ್ಲಿ ಹೊಳೆದಷ್ಟು ಗಟ್ಟಿಯಾಗಿ ಈಗ ಕೇಳಿಸಲಿಲ್ಲ.

ವಿಶಾಲಾಕ್ಷಿ ಕೂಗಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಎರಡು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. "ನಾನ್ಯಾಕೆ ಹೇಳ್ಲಿ, ಇವೇ ಹೇಳ್ಲಿ. ಹತ್ತಿಸಿ. ಒಡೆದ್ರೆ ಗಾಡಿ. ಒಡೀದಿದ್ರೆ ಸಾಮಾನು."

ಮಹಾಜನಗಳೇ, ಆ ಕ್ಷಣವನ್ನು ನೆನೆಯಿರಿ. ಒಂದು ಕಡೆ ಎಂಬತ್ತೆರಡು ಕಿಲೋ ತೂಕದ ಪರಾಕ್ರಮ. ಇನ್ನೊಂದು ಕಡೆ ಹಳದಿ ಬಣ್ಣದ, ನಯವಾದ, ಯಾರಿಗೂ ಏನೂ ಮಾಡದ ಎರಡು ಹಣ್ಣು. ಪಶುಪತಿ ಚರ್ಮಪೀಠವನ್ನೇರಿ, ಕುಲದೇವರನ್ನು ಸ್ಮರಿಸಿ, ಸರ್ವಶಕ್ತಿಯಿಂದ ತುಳಿದನು. ಮುಂದಿನ ಚಕ್ರ ನಿಂಬೆಹಣ್ಣಿಗೆ ತಾಗಿತು. ತಾಗಿ ನಿಂತಿತು. ನಿಂಬೆಹಣ್ಣು ಬಗ್ಗಲಿಲ್ಲ. ಬಗ್ಗಿದ್ದು ಸೈಕಲ್. ತಿರುವಿನಲ್ಲಿ ಗಡಿಬಿಡಿಯಿಂದ ಬಿಚ್ಚುವಾಗ ನಡುವಿನ ಚಿಲಕ ಹಾಕುವುದನ್ನು ಮರೆತಿದ್ದರಿಂದ, ಆ ದಿವ್ಯರಥವು ನಡುವಿನಲ್ಲಿ ಮೆಲ್ಲಗೆ, ಬಹು ವಿನಯದಿಂದ, ಜಾಹೀರಾತಿನಲ್ಲಿ ತೋರಿಸಿದಂತೆಯೇ ಮಡಚಿಕೊಂಡಿತು. ವೀರನು ರಂಗೋಲಿಯ ಮೇಲೆ ಪದ್ಮಾಸನದಲ್ಲಿ ವಿರಾಜಮಾನನಾದನು.

ಹಿಂದಿನ ಚಕ್ರದ ನಿಂಬೆಹಣ್ಣು ಚಿಮ್ಮಿ, ಗೇಟು ದಾಟಿ, ಇಳಿಜಾರಿನಲ್ಲಿ ಉರುಳಿ, ಆಗತಾನೇ ಹೊರಟಿದ್ದ ಆಟೋದ ಚಕ್ರದಡಿ ಹೋಯಿತು.

ಟಪ್.

ಮುನಿರಾಜು ಆಟೋ ನಿಲ್ಲಿಸಿ, ಇಣುಕಿ ನೋಡಿ, ಹ್ಯಾಂಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡನು. "ನಮ್ಮ ಗಾಡಿಗೂ ಮಾಡಿದ್ರಾ ಅಮ್ಮ? ಒಳ್ಳೇದಾಗ್ಲಿ."

"ಚಿಲಕ ಹಾಕಿರ್ಲಿಲ್ಲ ವಿಶಾಲು," ಎಂದನು ಪಶುಪತಿ ನೆಲದಿಂದಲೇ. "ಚಿಲಕ ಹಾಕಿ ಇನ್ನೊಂದು ಸಲ ಹತ್ತಿಸ್ತೀನಿ."

"ಗಾಡಿಗೆ ಯಾರಾದ್ರೂ ಚಿಲಕ ಹಾಕ್ತಾರೇನ್ರಿ?" ಎಂದಳು ವಿಶಾಲಾಕ್ಷಿ.

ಪಶುಪತಿ ಎದ್ದು ಪ್ಯಾಂಟಿಗೆ ಮೆತ್ತಿದ್ದ ರಂಗೋಲಿಯನ್ನು ಕೊಡವಿಕೊಂಡನು.

ಆ ಮಧ್ಯಾಹ್ನ ನೀಲಮಣಿವರ್ಣಶೋಭಿತವು ದೇವರ ಮುಂದೆ ಮಿಕ್ಸಿಗೂ ಈಳಿಗೆಮಣೆಗೂ ನಡುವೆ ಕುಳಿತು ಪೂಜೆ ಮಾಡಿಸಿಕೊಂಡಿತು. ಹೂವಿನಲ್ಲಿ ಅದಕ್ಕೇನೂ ಕಮ್ಮಿ ಮಾಡಲಿಲ್ಲ. ಊಟವಾದ ಮೇಲೆ ಗುರುಮೂರ್ತಿ ಸ್ಟೂಲು ಹತ್ತಿದನು, ಪಶುಪತಿ ಕೆಳಗಿನಿಂದ ಎತ್ತಿಕೊಟ್ಟನು. ಅಟ್ಟದಲ್ಲಿ ಹಿತ್ತಾಳೆ ಹಂಡೆ, ಕಾಲು ಮುರಿದ ಕುರ್ಚಿ ಮತ್ತು ಹಳೆಯ ಹಾಸಿಗೆಗಳ ನಡುವೆ ಒಂದು ಮೊಳ ಸಂದು ಮಾತ್ರ ಉಳಿದಿತ್ತು. ಸೈಕಲ್ ಅದರೊಳಗೆ ಸಲೀಸಾಗಿ ಹೋಗಿ ಕುಳಿತಿತು, ಅಟ್ಟದ ಬಾಗಿಲೂ ಸರಿಯಾಗಿ ಮುಚ್ಚಿತು.

ವಿಶಾಲಾಕ್ಷಿ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. ಬಹಳ ಹೊತ್ತು ನೋಡಿ ತಲೆದೂಗಿದಳು.

"ನೀವು ಹೇಳಿದ್ದು ನಿಜ ಕಣ್ರೀ. ಜಾಗ ಕಮ್ಮಿನೇ ತಗೊಳ್ಳುತ್ತೆ."