ಹೌನ್ಸ್ಲೋದಲ್ಲೊಂದು ವಿದೇಶಾಂಗ ಖಾತೆ

ರಷ್ಯಕ್ಕೂ ಪಶ್ಚಿಮದ ದೇಶಗಳಿಗೂ ಇನ್ನೂ ರಾಜಿಯಾಗದಿರುವುದರ ಕಾರಣ ನನಗೆ ಗೊತ್ತು. ಯಾರೂ ನಮ್ಮ ಮಾಮಾನನ್ನು ಕೇಳಿಲ್ಲ! ಕೇಳಿದ್ದರೆ ಲಂಡನ್ನಿನ ಹೌನ್ಸ್ಲೋದ ಅವರ ಅಡುಗೆಮನೆಯಲ್ಲೇ, ಒಂದು ತಾಟು ಚುರುಮರಿ ಮುಗಿಯುವುದರೊಳಗೆ ಎಲ್ಲ ಇತ್ಯರ್ಥವಾಗಿಬಿಡುತ್ತಿತ್ತು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಧಾರವಾಡದವರು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಲಗೇಜು ಸಾಗಿಸುವ ಬೆಲ್ಟುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಬೆಲ್ಟು ನಿಂತಿತೆಂದರೆ ಓಡಬೇಕು, ಇಲ್ಲವಾದರೆ ಸೂಟ್‌ಕೇಸುಗಳ ಗುಡ್ಡ ಬೀಳುತ್ತದೆ. ಆ ಧಾವಂತ ನಿವೃತ್ತಿಯಾದ ಮೇಲೂ ಕಾಲಿನಿಂದ ಇಳಿದಿಲ್ಲ. ಟಿವಿ ಸುದ್ದಿಯನ್ನೂ ಅಡ್ಡಾಡುತ್ತಲೇ ನೋಡುತ್ತಾರೆ. "ಇವರ ಅಡ್ಡಾಟಕ್ಕ ಸವದು ಕಾರ್ಪೆಟ್ ಎರಡು ಸಲ ಬದಲಿ ಮಾಡೇವಿ ನೋಡವಾ" ಎನ್ನುತ್ತಾರೆ ಅತ್ತೆ.

ರಷ್ಯವೇ ಏಕೆ ಎನ್ನುತ್ತೀರಾ? ತರುಣರಿದ್ದಾಗ ಮಾಮಾ ಮತ್ತು ಅವರ ತಮ್ಮ, ಅಂದರೆ ನಮ್ಮ ಸಣ್ಣ ಮಾಮಾ, ಇಬ್ಬರೂ ಅಲ್ಲಿ ಇಂಜಿನಿಯರಿಂಗ್ ಓದಿದವರು. ಒಂದೇ ಹಾಸ್ಟೆಲ್ಲು, ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಓವರ್‌ಕೋಟು. ಓದು ಮುಗಿದ ಮೇಲೆ ಮಾಮಾ ಊರಿಗೆ ಬಂದು, ಅಲ್ಲಿಂದ ಲಂಡನ್ ಸೇರಿದರು. ಸಣ್ಣ ಮಾಮಾ ರಷ್ಯದ ಹುಡುಗಿಯನ್ನೇ ಮದುವೆಯಾಗಿ, ವೋಲ್ಗಾ ದಂಡೆಯ ಊರೊಂದರ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತು, ಅಲ್ಲಿಯವರೇ ಆಗಿಬಿಟ್ಟರು. ಹೀಗಾಗಿ ಮಾಮಾಗೆ ರಷ್ಯ ಎಂದರೆ ಬೀಗರ ಮನೆ. ಬೀಗರನ್ನು ನಾವು ಬೈಯಬಹುದು, ಊರವರು ಬೈದರೆ ಬಿಟ್ಟೇವೇ?

ಉಕ್ರೇನಿನ ಯುದ್ಧ ಶುರುವಾದ ಮೇಲೆ ಮಾಮಾನ ರಕ್ತದೊತ್ತಡ ಏರಿತು. ಒಂದು ವಾರ ಟಿವಿ ಸುದ್ದಿ ನೋಡಬೇಡಿ ಎಂದು ಜಿಪಿ, ಅಂದರೆ ಅವರ ಓಣಿಯ ಡಾಕ್ಟರು, ಹೇಳಿದರು. ಮಾಮಾ ಶಿಸ್ತಿನ ಮನುಷ್ಯ. ಟಿವಿ ಮುಟ್ಟಲಿಲ್ಲ, ರೇಡಿಯೋ ಹಚ್ಚಿದರು. ಮುಂದಿನ ವಾರ ಒತ್ತಡ ಇನ್ನೂ ಮೇಲೆ! "ರೇಡಿಯೋದಾಗ ನಕಾಶಾ ಕಾಣಂಗಿಲ್ಲಲ್ರೀ ಡಾಕ್ಟರ್, ಎಲ್ಲಾ ಊಹಾ ಮಾಡಬೇಕಾಗ್ತದ" ಎಂದು ಆ ಇಂಗ್ಲಿಷ್ ಹೆಣ್ಣುಮಗಳಿಗೆ ಇಂಗ್ಲಿಷಿನಲ್ಲಿ ವಿವರಿಸಿ ಬಂದರಂತೆ. ಆಕೆ ಪಾಪ ಗುಳಿಗೆಯೊಂದನ್ನು ಹೆಚ್ಚಿಸಿ ಕಳಿಸಿದಳು.

ಕಿಂಗ್ಸ್‌ಬರಿಯಲ್ಲಿ ನಮ್ಮ ಲಂಡನ್ ಕನ್ನಡದವರ ದೀಪಾವಳಿ ಕೂಟ. ಯಾರೋ ಪುಣ್ಯಾತ್ಮರು ಮಾಮಾಗೆ ವಂದನಾರ್ಪಣೆ ವಹಿಸಿದರು. ಎರಡೇ ನಿಮಿಷ! ಅಡುಗೆಯವರಿಗೆ ವಂದನೆ ಎಂದು ಚೆನ್ನಾಗಿಯೇ ಶುರು ಮಾಡಿದರು. ಅಡುಗೆಯಿಂದ ಎಣ್ಣೆಗೆ ಬಂದರು. ಸೂರ್ಯಕಾಂತಿ ಎಣ್ಣೆ ಏಕೆ ತುಟ್ಟಿಯಾಯಿತು, ಉಕ್ರೇನಿನ ಬಂದರುಗಳ ಗತಿಯೇನು ಎಂದರು. ಅಲ್ಲಿಂದ ಕಚ್ಚಾ ತೈಲ, ನಿರ್ಬಂಧ, ಯುರೋಪಿನ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ರಷ್ಯದ ಗಂಟು, ಅದು ರಷ್ಯಕ್ಕೆ ಎಂಥ ಅನ್ಯಾಯ ಎಂಬ ವಾದ. ಸಾರು ತಣ್ಣಗಾಯಿತು. ಕೊನೆಗೆ ಹಿಂದಿನ ಸಾಲಿನಿಂದ ಉಡುಪಿಯ ಹಿರಿಯರೊಬ್ಬರು ಎದ್ದು ಕೈಮುಗಿದರು: "ಮಾರಾಯ್ರೆ, ಯುದ್ಧ ನಾವೇ ನಿಲ್ಲಿಸುವ, ಆದ್ರೆ ಊಟ ಆದ ಮೇಲೆ ಆಗದಾ?" ಅಂದು ಬಿದ್ದಷ್ಟು ಚಪ್ಪಾಳೆ ಯಾವ ಹಾಡಿಗೂ ಬಿದ್ದಿರಲಿಲ್ಲ.

ಇದನ್ನೆಲ್ಲ ಕೇಳಿ ಮಾಮಾ ರಷ್ಯದ ವಕೀಲರು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಭಾನುವಾರ ಸಣ್ಣ ಮಾಮಾನ ಜೊತೆ ಸ್ಪೀಕರ್ ಹಚ್ಚಿ ಫೋನಿನಲ್ಲಿ ಮಾತಾಡುವುದನ್ನು ಕೇಳುವವರೆಗೆ!

"ಇಲ್ಲೆ ಪ್ರಧಾನಮಂತ್ರಿನ್ನ ನಿಲ್ಲಿಸಿ ಪ್ರಶ್ನೆ ಕೇಳ್ತಾರೋ. ನಿಮ್ಮಲ್ಲೆ ಯಾರಿಗೈತಿ ಆ ಧೈರ್ಯ?"

"ಕೇಳ್ತಾರ ಖರೆ. ಉತ್ತರಾ ಬರೂದ್ರಾಗ ಪ್ರಧಾನಮಂತ್ರಿನ ಬದಲಿ ಆಗಿರ್ತಾನಲ್ಲ ಅಣ್ಣಾ! ಇಷ್ಟೆಲ್ಲಾ ನಿರ್ಬಂಧ ಹಾಕಿದ್ರಿ, ನಮ್ಮ ದೇಶದ ಉತ್ಪಾದನಾ ಏರೇ ಏರೈತಿ."

"ಏರ್ತೈತಿ ಬಿಡು, ಟ್ಯಾಂಕ್ ಮಾಡಿದ್ರ ಲೆಕ್ಕದಾಗ ಏರ್ತೈತಿ. ಟ್ಯಾಂಕ್ ರೊಟ್ಟಿಗೆ ಹಚ್ಕೊಂಡು ತಿನ್ನಾಕ ಬರ್ತೈತೇನು?"

ನಾನು ಬೆರಗಾದೆ. ನಮ್ಮೆದುರಿಗೆ ರಷ್ಯದ ಪರ, ತಮ್ಮನೆದುರಿಗೆ ಬ್ರಿಟನ್ನಿನ ಪರ! ಇದೆಂಥ ನ್ಯಾಯ ಮಾಮಾ ಎಂದು ಕೇಳಿದೆ. "ಎದುರಿಗೆ ಇಲ್ಲದವರ ಪರ ಯಾರರ ಒಬ್ಬರು ಮಾತಾಡಬೇಕಲ್ಲವಾ" ಎಂದರು. ಇಂಥವರು ವಿಶ್ವಸಂಸ್ಥೆಯಲ್ಲಿದ್ದರೆ ಎರಡೂ ಕಡೆಯವರು ಸೇರಿ ಇವರನ್ನೇ ಹೊರಗೆ ಹಾಕುತ್ತಿದ್ದರು.

ಆಮೇಲೆ ಒಂದು ಭಾನುವಾರ ಎಡವಟ್ಟಾಯಿತು. ಮಾತು ಬೆಳೆದು ಮಾಮಾ ದನಿ ಏರಿಸಿದರು: "ನಿಮ್ಮವರು ಮಾಡಿದ್ದು ತಪ್ಪು. ಮಂದಿ ಮನಿಗೆ ನುಗ್ಗೂದು ತಪ್ಪು. ತಪ್ಪಂತ ಒಮ್ಮೆ ಬಾಯಿಬಿಟ್ಟು ಹೇಳು." ಆ ಕಡೆಯಿಂದ ಸಣ್ಣ ಮಾಮಾ "ಅಣ್ಣಾ, ನೀ..." ಎಂದರು. ಫೋನು ಕಟ್ಟಾಯಿತು.

"ಕಟ್ ಮಾಡಿದಾ! ಅಣ್ಣನ ಮಾತು ನಡುವ ಕಟ್ ಮಾಡಿದಾ!"

ಈ ಕರೆಗಳು ಅಲ್ಲಿಂದ ಸರಿಯಾಗಿ ಬರುತ್ತಿರಲಿಲ್ಲ. ಆ್ಯಪುಗಳಿಗೆ ಅಲ್ಲಿ ಸರ್ಕಾರದ ಏನೇನೋ ಅಡ್ಡಿ, ಮಾತಿನ ನಡುವೆ ತಾವಾಗಿಯೇ ಕಟ್ಟಾಗುತ್ತಿದ್ದವು. ಇದು ಮಾಮಾಗೆ ಗೊತ್ತಿರಲಿಲ್ಲವೇ? ನಮಗೆಲ್ಲ ವಿವರಿಸಿದ್ದೇ ಅವರು! ಆದರೆ ಆ ಹೊತ್ತಿಗೆ ಅದು ನೆನಪಾಗಬೇಕಲ್ಲ. ತಮ್ಮನೇ ಮೊದಲು ಫೋನು ಮಾಡಲಿ ಎಂದು ಕೂತರು. ಕೂತರು ಎಂದೆನಲ್ಲ, ತಪ್ಪು. ಅಡ್ಡಾಡಿದರು. ಭಾನುವಾರ ಬಂತೆಂದರೆ ಬೆಳಗಿನಿಂದ ಫೋನು ಜೇಬಿನಲ್ಲಿಟ್ಟು ಬಸ್ಸು ಹತ್ತಿ ಪಕ್ಕದ ಫೆಲ್ಥಮ್ಮಿನ ನಮ್ಮ ಮನೆಗೆ ಬರುತ್ತಿದ್ದರು, ಚಹಾ ಆರುವುದರೊಳಗೆ ತಿರುಗಿ ಹೋಗುತ್ತಿದ್ದರು. ಹೀಗೆ ಎಂಟು ತಿಂಗಳು.

ಅಷ್ಟರಲ್ಲಿ ಗುಪ್ತ ಮಾತುಕತೆಯೊಂದು ನಡೆದಿತ್ತು. ಅತ್ತೆಯೂ ರಷ್ಯದ ಸಣ್ಣ ಅತ್ತೆಯೂ ಇಮೇಲಿನಲ್ಲಿ ಉಪ್ಪಿನಕಾಯಿ ಫೋಟೋ ಕಳಿಸಿಕೊಳ್ಳುತ್ತಿದ್ದರು. ಹಾಗೆ ಬರೆಯುತ್ತ ಸತ್ಯ ಹೊರಬಿತ್ತು: ಅಣ್ಣನೇ ಸಿಟ್ಟಿನಿಂದ ಫೋನಿಟ್ಟ ಎಂದು ಸಣ್ಣ ಮಾಮಾ ಅಲ್ಲಿ ಮುಖ ಊದಿಸಿಕೊಂಡು ಅಣ್ಣನ ಫೋನಿಗೆ ಕಾಯುತ್ತಿದ್ದರು! ಇಬ್ಬರಲ್ಲಿ ಯಾರೂ ಕಟ್ ಮಾಡಿರಲಿಲ್ಲ. ಅತ್ತೆ ಇದನ್ನು ಹೇಳಿದಾಗ ಮಾಮಾ ಕಿಟಕಿ ಕಡೆ ತಿರುಗಿದರು. "ಅದು ಅವರ ಕಡೀ ಪ್ರಚಾರ. ಹೆಂಗ ನಂಬೂದು?"

"ಅವನೂ ಅಲ್ಲಿ ಇದನ್ನ ಅನ್ನಾಕತ್ಯಾನ" ಎಂದರು ಅತ್ತೆ. "ಅವ್ವ ಇಬ್ಬರಿಗೂ ಒಂದೇ ತೊಟ್ಟಿಲು ಹಾಕಿದ್ದು ತಪ್ಪಾತು." ನನ್ನ ಮಗಳು ಇದನ್ನೆಲ್ಲ ಕೇಳಿಸಿಕೊಂಡು, "ಮಮ್ಮಿ, ಈಸ್ ಅಜ್ಜಿ ಎ ಸ್ಪೈ?" ಎಂದಳು. ನಾವು ಬಿದ್ದು ಬಿದ್ದು ನಕ್ಕೆವು. ಮಾಮಾ ಮಾತ್ರ ನಗಲಿಲ್ಲ.

ಕಳೆದ ತಿಂಗಳು ಒಂದು ಶನಿವಾರ ಸಂಜೆ ನಾನು ಹೌನ್ಸ್ಲೋಗೆ ಹೋಗಿದ್ದೆ. ಟಿವಿಯಲ್ಲಿ ಉಕ್ರೇನಿನ ಡ್ರೋನುಗಳು ರಷ್ಯದ ತೈಲ ಕಾರ್ಖಾನೆಯೊಂದಕ್ಕೆ ಬಡಿದ ಸುದ್ದಿ. ಇಂಥ ಸುದ್ದಿ ಬಂದಾಗಲೆಲ್ಲ ಮಾಮಾ ಅದರಿಂದ ಡೀಸೆಲ್ ಬೆಲೆ ಎಷ್ಟು ಏರುತ್ತದೆ, ರಷ್ಯದ ಬೊಕ್ಕಸಕ್ಕೆ ಎಷ್ಟು ಪೆಟ್ಟು ಎಂದು ಟಿವಿಯವರಿಗಿಂತ ಮೊದಲು ಹೇಳಿಬಿಡುತ್ತಿದ್ದರು. ನಾನು ಚುಡಾಯಿಸಲೆಂದೇ, "ಹೇಳ್ರಿ ಮಾಮಾ, ನಾಳೆ ನನ್ನ ಕಾರಿಗೆ ಎಷ್ಟು ಬೀಳ್ತದ?" ಎಂದೆ.

ತೆರೆಯ ಮೇಲೆ ಆ ಊರಿನ ಹೆಸರು ಬಂದಿತ್ತು. ಸಣ್ಣ ಮಾಮಾನ ಊರು.

ಮಾಮಾ ಆಗಲೇ ನಂಬರು ಒತ್ತುತ್ತಿದ್ದರು. ಆ್ಯಪಿನಲ್ಲಿ ಹೋಗಲಿಲ್ಲ. ನೇರ ನಂಬರಿಗೂ ಹೋಗಲಿಲ್ಲ. ಮತ್ತೆ ಒತ್ತಿದರು. ಅವಸರದಲ್ಲಿ ತಪ್ಪು ನಂಬರಿಗೆ ಹೋಗಿ, ಯಾವಳೋ ಅಜ್ಜಿಗೆ ರಷ್ಯನ್ ಭಾಷೆಯಲ್ಲಿ ಕ್ಷಮೆ ಕೇಳಿದರು. ಅತ್ತೆ ಇಮೇಲು ತೆರೆದು ಕೂತಿದ್ದರು. ಅದರಲ್ಲೂ ಏನೂ ಬಂದಿರಲಿಲ್ಲ. ಇಷ್ಟು ದಿನ ಈ ಮನುಷ್ಯನ ಚಡಪಡಿಕೆಯನ್ನು ಊರಿಗೆಲ್ಲ ಹೇಳಿ ನಗಿಸಿದವಳು ನಾನು. ನನಗೆ ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಯಿತು.

ಒಂದು ತಾಸಿನ ಮೇಲೆ ಆ ಕಡೆ ರಿಂಗಾಯಿತು.

"ಅಣ್ಣಾ?"

ಮಾಮಾ ಮೊದಲು ಕೇಳಿದ್ದು ಇದು: "ಕಿಟಕಿ ಮುಚ್ಚೀರೇನೋ? ಹೊಗಿ ಒಳಗ ಬರ್ತದ."

"ಮುಚ್ಚೇವಿ. ಇಬ್ಬರೂ ಆರಾಮ ಅದೀವಿ. ಕಾರ್ಖಾನಿ ಕಡೀ ಆಕಾಶೆಲ್ಲಾ ಕೆಂಪಗೈತಿ."

ಯಾರು ಸರಿ ಯಾರು ತಪ್ಪು ಎಂಬ ಮಾತು ಇಬ್ಬರಲ್ಲೂ ಬರಲಿಲ್ಲ. ಲೈನಿನಲ್ಲಿ ಗರಗರ ಸದ್ದು ಶುರುವಾಯಿತು. ಮಾಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಸರವಸರವಾಗಿ ಹೇಳಿದರು:

"ತಮ್ಮಾ, ಕೇಳಿಲ್ಲೆ. ನಡುವ ಕಟ್ ಆತಂದ್ರ, ನಾ ಮಾಡಿದ್ದಲ್ಲ. ತಿಳೀತಿಲ್ಲೋ? ನಾ ಮಾಡಿದ್ದಲ್ಲ."

"ಗೊತ್ತೈತಿ ಅಣ್ಣಾ. ನಾನೂ ಅಲ್ಲ."

ಅಷ್ಟಕ್ಕೆ ಲೈನು ಹೋಯಿತು. ಮಾಮಾ ಮತ್ತೆ ನಂಬರು ಒತ್ತತೊಡಗಿದರು.