ಹಿಂಬದಿ ಮಸುಕು ಮಾಡುವ ಲೆನ್ಸು

ಫೋಟೊ ಕೆಟ್ಟು ಬಂದರೆ ತಪ್ಪು ಕ್ಯಾಮೆರಾದ್ದು ಎಂದು ದೃಢವಾಗಿ ನಂಬಿದವನು ನಾನು. ಈ ನಂಬಿಕೆಯನ್ನು ಅಲುಗಾಡಿಸಲು ಅನೇಕರು ಪ್ರಯತ್ನಿಸಿ ಸೋತಿದ್ದಾರೆ. ಅವರಲ್ಲಿ ಮೊದಲನೆಯವಳು ನನ್ನ ಹೆಂಡತಿ ವನಜ. ನಾನು ತೆಗೆದ ಫೋಟೊದಲ್ಲಿ ಯಾರದಾದರೂ ತಲೆ ಅರ್ಧ ಹಾರಿಹೋಗಿದ್ದರೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಒಲೆಯ ಕಡೆ ಮುಖ ಮಾಡಿ ಹೇಳುತ್ತಾಳೆ. ಈ ಗಾದೆಯ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಎಲ್ಲರೂ ಆ ಹೆಂಗಸನ್ನು ನೋಡಿ ನಕ್ಕರೇ ಹೊರತು, ನೆಲ ನಿಜಕ್ಕೂ ಡೊಂಕಾಗಿತ್ತೋ ಎಂದು ಒಬ್ಬನಾದರೂ ಬಗ್ಗಿ ನೋಡಿದನೇ? ನಾನು ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ ಮಾಡುವವನು. ಅಳತೆ ಮಾಡದೆ ನೆಲ ಸರಿಯಿದೆ ಎಂದು ಒಪ್ಪುವ ಜಾಯಮಾನ ನನ್ನದಲ್ಲ. ಹಾಗಾಗಿ ಪ್ರತಿ ಸಲ ಫೋಟೊ ಕೆಟ್ಟಾಗಲೂ ನೆಲ ಬದಲಿಸುತ್ತ ಬಂದೆ, ಅಂದರೆ ಕ್ಯಾಮೆರಾ ಬದಲಿಸುತ್ತ ಬಂದೆ.

ಈ ದಾರಿಯಲ್ಲಿ ನನಗೆ ಗುರುವಾಗಿ ದೊರೆತವರು ಬಿರಾದಾರ. ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಕಾರ್ಖಾನೆಯಲ್ಲೇ ಸ್ಟೋರ್ಸ್ ನೋಡಿಕೊಳ್ಳುವ ವಿಜಯಪುರದ ಮನುಷ್ಯ, ಇರುವುದು ಹತ್ತಿರದ ಕಳವಾ ಎಂಬ ಊರಿನಲ್ಲಿ. ಊಟದ ಹೊತ್ತಿಗೆ ಅವರು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತ ಮೆಮೊರಿ ಕಾರ್ಡಿನ ಮೇಲೆ ಉಪನ್ಯಾಸ ಶುರುಮಾಡಿದರೆ ಬೆಲ್ ಹೊಡೆಯುವ ತನಕ ನಿಲ್ಲುತ್ತಿರಲಿಲ್ಲ. “ಒಂದs ದೊಡ್ಡ ಕಾರ್ಡ್ ತಗೋಬ್ಯಾಡ್ರಿ. ಅದು ಹೋತಂದ್ರ ಎಲ್ಲಾ ಹೋತು. ಸಣ್ಣ ಸಣ್ಣವು ನಾಕ ತಗೋರಿ. ಆದ್ರ ಕ್ಲಾಸ್ ಟೆನ್ ಇರಬೇಕ ನೋಡ್ರಿ ಮತ್ತ. ಕ್ಲಾಸ್ ಫೋರ್ ಅಂದ್ರ ಸ್ಲೋ ಲೋಕಲ್ ಇದ್ದಂಗ, ಎಲ್ಲಾ ಸ್ಟೇಶನ್ನಿಗೂ ನಿಂತು ನಿಂತು ಹೊಂಟೈತಿ.” ಡೊಂಬಿವಲಿಯಿಂದ ಠಾಣೆಗೆ ದಿನವೂ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವವನಿಗೆ ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿ ಹೇಳಲು ಸಾಧ್ಯ? ಮುಂದಿನ ಭಾನುವಾರವೇ ಮುಂಬಯಿಯ ಫೋರ್ಟಿಗೆ ಹೋಗಿ ಕ್ಲಾಸ್ ಟೆನ್ ಕಾರ್ಡುಗಳನ್ನು ಕೊಂಡು ತಂದೆ. ನನ್ನ ಆಗಿನ ಕ್ಯಾಮೆರಾ ಅಷ್ಟು ಜೋರಾಗಿ ಬರೆಯಲಾರದು, ಯಾವ ಕಾರ್ಡು ಹಾಕಿದರೂ ಅದಕ್ಕೆ ಒಂದೇ ಎಂದು ಆಮೇಲೆ ತಿಳಿಯಿತು. ಇದರಿಂದ ನಾನು ಧೃತಿಗೆಡಲಿಲ್ಲ. ಕಾರ್ಡಿಗೆ ತಕ್ಕ ಕ್ಯಾಮೆರಾ ಕೊಂಡೆ.

ಬಿರಾದಾರರು ತೆಗೆದ ಫೋಟೊ ಒಂದನ್ನೂ ನಾನು ಕಂಡಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವರ ಕ್ಯಾಮೆರಾದ ಫೋಟೊ ನೋಡಿದ್ದೇನೆ, ಅದನ್ನು ಅವರು ಮೊಬೈಲಿನಲ್ಲಿ ತೆಗೆದಿದ್ದರು. ಒಮ್ಮೆ ಇಬ್ಬರೂ ಸೇರಿ ಐರೋಲಿಯಲ್ಲಿ ಸಮುದ್ರ ಒಳನುಗ್ಗಿದ ಖಾರಿಗೆ ಬಂದಿಳಿಯುವ ಗುಲಾಬಿ ಕೊಕ್ಕರೆಗಳ ಚಿತ್ರ ತೆಗೆಯಲು ಹೋದೆವು. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕನ್ನು ಲೆಕ್ಕ ಹಾಕಿ, ರೈಲು ಬಿಟ್ಟು ಬಸ್ಸು ಹಿಡಿದು, ಟ್ರೈಪಾಡ್ ಹೊತ್ತು ಸಮಯಕ್ಕೆ ಸರಿಯಾಗಿ ತಲುಪಿದೆವು. ಸಮುದ್ರಕ್ಕೂ ಒಂದು ಟೈಮ್ ಟೇಬಲ್ ಇದೆ, ಇಳಿತದಲ್ಲಿ ಕೆಸರು ಕಾಣಿಸಿದರೆ ಮಾತ್ರ ಕೊಕ್ಕರೆ ಹತ್ತಿರ ಬರುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತುಂಬಿ ನಿಂತ ನೀರಿನ ಆಚೆ ತುದಿಯಲ್ಲಿ ಗುಲಾಬಿ ಗೆರೆಯೊಂದು ಕಾಣುತ್ತಿತ್ತು. ಬಿರಾದಾರರು ಅದನ್ನು ಬಹಳ ಹೊತ್ತು ದಿಟ್ಟಿಸಿ, “ಲೆನ್ಸ್ ಸಾಲವಲ್ದುರಿ” ಎಂದರು. ನಾನೂ ಮನಸಾರೆ ಒಪ್ಪಿದೆ. ಕೊಕ್ಕರೆಯ ದಿನಚರಿ ತಿಳಿದುಕೊಳ್ಳುವುದಕ್ಕಿಂತ ಲೆನ್ಸು ಕೊಳ್ಳುವುದು ಸುಲಭ ಎಂದು ನಮ್ಮಿಬ್ಬರಿಗೂ ಅನ್ನಿಸಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಡೊಂಬಿವಲಿಯ ಕನ್ನಡ ಸಂಘದಲ್ಲಿ ಹೆಂಗಸರಿಗೆಂದು ಯಕ್ಷಗಾನದ ತರಗತಿ ಶುರುವಾಯಿತು. ವನಜ ಸೇರಿದಳು. ಅವಳಿಗೆ ಆಗ ನಲವತ್ತು ದಾಟಿತ್ತು, ಮೊಣಕಾಲು ಆಗಾಗ ಕಿರಿಕಿರಿ ಮಾಡುತ್ತಿತ್ತು. ಆದರೂ ಅಡುಗೆಮನೆಯಿಂದ ಹಾಲ್‌ಗೆ ಬರುವ ನಾಲ್ಕು ಹೆಜ್ಜೆಯಲ್ಲೇ “ತೈತ ತಕತ” ಎಂದುಕೊಂಡು ಬರತೊಡಗಿದಳು. ಕೆಳಗಿನ ಮನೆಯವರು ಮೇಲೆ ಬಂದು “ವಹಿನಿ, ಸಗಳ ಠೀಕ್ ಆಹೇ ನಾ?” ಎಂದು ಮರಾಠಿಯಲ್ಲಿ ಕ್ಷೇಮ ವಿಚಾರಿಸಿ ಹೋದರು. ಇದರ ಹಿಂದೆ ಒಂದು ಕತೆಯಿದೆ. ವನಜಳ ತಂದೆ, ಅಂದರೆ ಕುಂದಾಪುರದ ನಮ್ಮ ಮಾವ, ಪ್ರಾಯದಲ್ಲಿ ಹವ್ಯಾಸಕ್ಕೆ ವೇಷ ಕಟ್ಟುತ್ತಿದ್ದವರು. ಗಂಡುಮಕ್ಕಳಿಬ್ಬರನ್ನೂ ಹಿಡಿದು ಕೂರಿಸಿ ತಾಳ ಕಲಿಸಿದರು. ಅವರಿಬ್ಬರೂ ಕಲಿಯಲಿಲ್ಲ. ಕಲಿಸಿ ಎಂದು ತಾನಾಗಿ ಕೇಳಿದ ಮಗಳಿಗೆ, “ಹೆಣ್ಮಕ್ಳಿಗೆ ಗೆಜ್ಜೆ ಎಂತಕ್ಕೆ? ಆಟ ಕಂಡ್ರೆ ಸಾಕ್” ಎಂದುಬಿಟ್ಟರು. ಆ ಮಾತು ಅವಳೊಳಗೆ ಇಷ್ಟು ವರ್ಷ ಹಾಗೇ ಕೂತಿತ್ತು ಎಂಬುದು ಸಂಘದ ವಾರ್ಷಿಕೋತ್ಸವಕ್ಕೆ ಅವಳಿಗೆ ಪಾತ್ರ ಸಿಕ್ಕಿದ ದಿನ ನನಗೆ ಗೊತ್ತಾಯಿತು.

“ನಂಗೆ ಒಂದೇ ಒಂದು ಫೋಟೊ ಬೇಕು” ಎಂದಳು. “ಅಪ್ಪಯ್ಯನಿಗೆ ಕಳಿಸ್ಲಿಕ್ಕೆ. ಅವ್ರಿಗೆ ಈಗ ಇಷ್ಟು ದೂರ ಬರ್ಲಿಕ್ಕಾಗುದಿಲ್ಲ. ಮಗಳು ಕುಣಿದ್ಲು ಅಂತ ಬಾಯಲ್ಲಿ ಹೇಳಿದ್ರೆ ನಂಬುವ ಜನವೂ ಅಲ್ಲ. ನೋಡ್ಲಿ ಒಮ್ಮೆ.”

ಮದುವೆಯಾದ ಮೇಲೆ ಅವಳು ನನ್ನ ಕ್ಯಾಮೆರಾದಿಂದ ಏನನ್ನಾದರೂ ಬಯಸಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. ಒಂದೇನು, ನೂರು ತೆಗೆಯುತ್ತೇನೆ ಎಂದೆ. ಮರುದಿನವೇ ಬಿರಾದಾರರ ಮುಂದೆ ಸಮಸ್ಯೆ ಇಟ್ಟೆ: ಸಂಘದ ಹಾಲ್‌ನಲ್ಲಿ ಬೆಳಕು ಕಮ್ಮಿ, ಹಿಂದೆ ಪರದೆಯ ಮೇಲೆ ಅಂಗಡಿಗಳ ಜಾಹೀರಾತು, ಪಾತ್ರ ಎದ್ದು ಕಾಣಬೇಕು. ಅವರು ರೊಟ್ಟಿ ಪಕ್ಕಕ್ಕಿಟ್ಟು ಹೇಳಿದರು: “ಅದಕ್ಕ ಒಂದು ಲೆನ್ಸ್ ಐತ್ರಿ. ಮುಂದ ಇದ್ದೋರು ಹರಳು ಕೆತ್ತಿದಂಗ ಬರ್ತಾರ. ಹಿಂದ ಏನೈತಿ, ಯಾರದಾರ, ಎಲ್ಲಾ ಬೆಣ್ಣಿ ಆಗಿ ಹೋಗ್ತೈತಿ.” ಆ ಲೆನ್ಸು ಬಂತು. ವನಜ ಅದನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿದಳು. “ಒಂದು ಆದಿತ್ಯವಾರ ನಮ್ಮ ಕುಣಿತದ ಟ್ರಯಲ್‌ಗೆ ಬಂದು ಕೂತ್ಕೊಳ್ಳಿ. ನಾನು ಎಲ್ಲಿ ಬರ್ತೇನೆ, ಎಲ್ಲಿ ಹಾರ್ತೇನೆ ಅಂತ ಗೊತ್ತಾಗ್ತದೆ” ಎಂದಳು ಅಷ್ಟೆ. ಸಲಹೆ ಒಳ್ಳೆಯದೇ. ಆದರೆ ಆ ಭಾನುವಾರಗಳಲ್ಲಿ ನನಗೆ ಬಿಡುವಿರಲಿಲ್ಲ. ಒಂದು ಭಾನುವಾರ ಕಾರ್ಡುಗಳ ವೇಗ ಪರೀಕ್ಷೆ ಮಾಡಿದೆ. ಇನ್ನೊಂದು ಭಾನುವಾರ ಕಿಟಕಿಯ ಸರಳನ್ನು ಮುಂದಿಟ್ಟು, ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕಿಯನ್ನು ಬೆಣ್ಣೆ ಮಾಡಿದೆ. ಅಷ್ಟು ಚೆಂದದ ಕಿಟಕಿ ಸರಳನ್ನು ನಮ್ಮ ಸೊಸೈಟಿಯಲ್ಲಿ ಯಾರೂ ತೆಗೆದಿರಲಾರರು.

ಪ್ರಸಂಗ ಯಾವುದೆಂದರೆ, ಆಶ್ರಮದ ಅವಳಿ ಬಾಲಕರು ಯಾಗದ ಕುದುರೆಯನ್ನು ಕಟ್ಟಿಹಾಕಿ ದೊಡ್ಡವರ ಮೇಲೆ ಯುದ್ಧಕ್ಕೆ ನಿಲ್ಲುತ್ತಾರಲ್ಲ, ಅದು. ತಮ್ಮನ ಪಾತ್ರ ವನಜಳದು. ಅಣ್ಣನ ಪಾತ್ರ ಪಕ್ಕದ ಬಿಲ್ಡಿಂಗಿನ ಸುಲೋಚನಕ್ಕನದು. ವಾರ್ಷಿಕೋತ್ಸವದ ಭಾನುವಾರ ಮಧ್ಯಾಹ್ನ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಹೋಗಿ ಇಣುಕಿದೆ. ಬಾಡಿಗೆಗೆ ತಂದ ವೇಷದ ಪೆಟ್ಟಿಗೆ ಬಿಚ್ಚಿಟ್ಟಿದ್ದರು. ಮುಖಕ್ಕೆ ಒಂದೇ ಬಣ್ಣ, ಹಣೆಗೆ ಒಂದೇ ನಾಮ, ತಲೆಗೆ ಕಟ್ಟುವ ಮುಂದಲೆಯೂ ಒಂದೇ ನಮೂನೆ. ಅವಳಿಗಳಲ್ಲವೇ? ವ್ಯತ್ಯಾಸವೆಂದರೆ ಮೈಗೆ ತೊಡುವ ದಗಲೆಯದು ಮಾತ್ರ. ವನಜ ಕೆಂಪು ದಗಲೆ ತೊಟ್ಟು ಕೂತಿದ್ದಳು, ಸುಲೋಚನಕ್ಕನ ಕೈಯಲ್ಲಿ ಹಸಿರು. ನಾನು ಅನುಭವಿ ಮನುಷ್ಯ. ಕೆಂಪು ಎಂದು ಮನಸ್ಸಿನಲ್ಲಿ ಬರೆದುಕೊಂಡೆ, ಕ್ಯಾಮೆರಾವನ್ನೂ ಕೆಂಪಿಗೆ ಹೊಂದಿಸಿಕೊಂಡೆ, ಮೊದಲ ಸಾಲಿನಲ್ಲಿ ಹೋಗಿ ಟ್ರೈಪಾಡ್ ನಿಲ್ಲಿಸಿದೆ. ನಾನು ಅತ್ತ ಹೋದ ಮೇಲೆ ಸುಲೋಚನಕ್ಕನಿಗೆ ಹಸಿರು ದಗಲೆ ತೋಳಿನಲ್ಲಿ ಹಿಡಿಯಿತಂತೆ. ಗೆಜ್ಜೆ ಕಟ್ಟುವ ಗಡಿಬಿಡಿಯಲ್ಲಿ ಇಬ್ಬರೂ ದಗಲೆ ಬದಲಿಸಿಕೊಂಡರಂತೆ. ಇದನ್ನು ನನಗೆ ಬಂದು ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಕಟ್ಟಿಕೊಂಡ ಗಂಡನಿಗೆ ಹೆಂಡತಿಯ ಗುರುತು ಹತ್ತದೆ ಹೋಗುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ!

ಚೆಂಡೆ ಏರಿತು, ತೆರೆ ಸರಿಯಿತು, ಇಬ್ಬರೂ ರಂಗಕ್ಕೆ ನುಗ್ಗಿದರು. ಕೆಂಪು ದಗಲೆಯನ್ನು ನಾನು ಒಂದು ಕ್ಷಣವೂ ಬಿಡಲಿಲ್ಲ. ಅದು ಹಾರಿದರೆ ಹಾರಿದ್ದನ್ನು, ಕೂತರೆ ಕೂತದ್ದನ್ನು, ಬಿಲ್ಲು ಎತ್ತಿದರೆ ಎತ್ತಿದ್ದನ್ನು ಹಿಡಿದೆ. ಕಾರ್ಡು ತುಂಬಿತು, ಇನ್ನೊಂದು ಹಾಕಿದೆ, ಅದೂ ತುಂಬಿತು. ಕ್ಲಾಸ್ ಟೆನ್ ಎಲ್ಲೂ ನಿಲ್ಲದೆ ಫಾಸ್ಟ್ ಲೋಕಲ್ ಹಾಗೆ ಓಡಿತು. ಮಾತಿನ ಭಾಗ ಬಂದಾಗ ದನಿಯಿಂದಾದರೂ ತಿಳಿಯಬಾರದಿತ್ತೇ ಎಂದು ನೀವು ಕೇಳಬಹುದು. ಆಗ ನಾನು ತೆಗೆದದ್ದನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿಕೊಳ್ಳುತ್ತಿದ್ದೆ. ಹೆಂಡತಿ ಮಾತಾಡುತ್ತಿರುವಾಗ ಬೇರೆ ಕೆಲಸದಲ್ಲಿ ಮುಳುಗಿರುವುದು ನನಗೆ ಎಷ್ಟೋ ವರ್ಷಗಳ ಅಭ್ಯಾಸ, ಒಂದು ದಿನದಲ್ಲಿ ಹೋಗುವಂಥದಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹಸಿರು ದಗಲೆಯ ಕುಣಿತಕ್ಕೆ ತಲೆದೂಗುತ್ತ, “ಆ ಸಣ್ಣ ಹುಡುಗನ ಹೆಜ್ಜೆ ಕಾಣಿ ಮಾರಾಯ್ರೆ, ಎಂಥಾ ಚುರುಕು” ಎಂದರು. “ಆಯ್ತು, ಸ್ವಲ್ಪ ಬಗ್ಗಿ, ಫ್ರೇಮಿನಲ್ಲಿ ಬರ್ತಿದ್ದೀರಿ” ಎಂದು ಅವರನ್ನು ಸುಮ್ಮನಾಗಿಸಿದೆ.

ಸಂಜೆ ಮನೆಗೆ ಬಂದು, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆದು, ಸ್ನಾನ ಮುಗಿಸಿ, ಚಹದ ಲೋಟ ಹಿಡಿದು ವನಜ ಕಂಪ್ಯೂಟರಿನ ಎದುರು ಕೂತಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಈಚೆಗೆ ಕಂಡಿರಲಿಲ್ಲ. ಫೋಟೊಗಳನ್ನು ಒಂದೊಂದಾಗಿ ಸರಿಸಿದೆ. ಏನು ಹೇಳಲಿ, ಅಂಥ ಚಿತ್ರಗಳನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ರೆಪ್ಪೆಯ ಕಾಡಿಗೆ, ಬಿಲ್ಲು ಹಿಡಿದ ಬೆರಳಿನ ಉಗುರು, ಎಲ್ಲವೂ ಸ್ಪಷ್ಟ.

“ಒಳ್ಳೆದು ಬಂದಿದೆ” ಎಂದಳು. “ಸುಲೋಚನಕ್ಕ ನೋಡಿದ್ರೆ ಕುಣಿದಾಡ್ತಾರೆ. ನಂದು ಎಲ್ಲಿ?”

“ನಿಂದೇ ಅಲ್ವಾ ಇದೆಲ್ಲ!”

ಅವಳು ಲೋಟ ಕೆಳಗಿಟ್ಟಳು. ನನ್ನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಅಲ್ಲ ಎಂದು ತಿಳಿದಾಗ ಬೈದಿದ್ದರೂ ಆಗುತ್ತಿತ್ತು. “ಇರ್ಲಿ” ಎಂದು ಎದ್ದು ಅಕ್ಕಿ ತೊಳೆಯಲು ಹೋದಳು. ನನಗೆ ನಿಜವಾಗಿ ಸಂಕಟವಾಯಿತು. ಹದಿನೆಂಟು ವರ್ಷ ಎದುರು ಕೂತು ಊಟ ಮಾಡಿದವಳನ್ನು ನಾನು ಒಂದು ಬಟ್ಟೆಯ ಬಣ್ಣದಿಂದ ಗುರುತು ಇಟ್ಟುಕೊಂಡಿದ್ದೆನಲ್ಲ! ಎಲ್ಲ ಕಾರ್ಡುಗಳನ್ನೂ ಮೊದಲಿನಿಂದ ಜಾಲಾಡಿದೆ. ಹಸಿರು ದಗಲೆ ಇದ್ದದ್ದು ಒಂದೇ ಒಂದು ಚಿತ್ರದಲ್ಲಿ. ಮುಂದೆ ಸುಲೋಚನಕ್ಕ ಹರಳು ಕೆತ್ತಿದ ಹಾಗೆ, ಹಿಂದೆ ನನ್ನ ಹೆಂಡತಿ ಬೆಣ್ಣೆ. ಗಾಳಿಯಲ್ಲಿ ಹಾರಿದ ಹಸಿರು ಮುದ್ದೆ, ಅದಕ್ಕೆ ಮುಖವಿಲ್ಲ, ಕೈ ಎಲ್ಲಿ ಮುಗಿದು ಕಾಲು ಎಲ್ಲಿ ಶುರುವೋ ತಿಳಿಯದು. ಲೆನ್ಸಿನ ಬಗ್ಗೆ ಬಿರಾದಾರರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಅದನ್ನೇ ಪ್ರಿಂಟ್ ಹಾಕಿಸಿ” ಎಂದಳು ವನಜ ಮರುದಿನ. ಇದು ಕಳಿಸುವ ಫೋಟೊ ಅಲ್ಲ, ಫೋಕಸ್ಸೇ ಇಲ್ಲ ಎಂದೆ. “ನಾನಿರುದು ಅದ್ರಲ್ಲೇ ಅಲ್ವಾ?” ಎಂದಳು. ಅಂದೇ ಸಂಜೆ ಪ್ರಿಂಟ್ ಹಾಕಿಸಿಕೊಂಡು ಬಂದೆ. ಊರಿಗೆ ಬಸ್ಸಿನಲ್ಲಿ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಪ್ರಿಂಟು ಕೊಟ್ಟು ಕಳಿಸಿದಳು, ಅಪ್ಪಯ್ಯನಿಗೆ ಕೊಡಿ ಎಂದಷ್ಟೇ ಹೇಳಿ. ಆ ವಾರ ಪೂರ್ತಿ ಮನೆಯಲ್ಲಿ ಫೋನು ರಿಂಗಾದಾಗಲೆಲ್ಲ ಇಬ್ಬರೂ ಬೆಚ್ಚಿದೆವು. ಅವಳ ಭಯ, ಅಪ್ಪ ಏನೂ ಹೇಳದೆ ಇದ್ದುಬಿಟ್ಟರೆ ಎಂದು. ನನ್ನ ಭಯ, ಅವರು ಸುಲೋಚನಕ್ಕನನ್ನು ಹೊಗಳಿಬಿಟ್ಟರೆ ಎಂದು.

ಶನಿವಾರ ಬೆಳಿಗ್ಗೆ ಫೋನು ಬಂತು. ಕೈಯಲ್ಲಿ ದೋಸೆ ಹಿಟ್ಟು ಇದ್ದದ್ದರಿಂದ ವನಜ ಸ್ಪೀಕರಿಗೆ ಹಾಕಿದಳು.

“ಹೆಣೇ, ಪೋಟ ಬಂತ್” ಎಂದರು ಮಾವ. “ಹಿಂದ್ ಹಾರ್ತಿಪ್ಪುದ್ ನೀನಲ್ದಾ?”

ವನಜ ಫೋನಿನ ಹತ್ತಿರ ಬಗ್ಗಿದಳು. “ಹೌದ್ ಅಪ್ಪಯ್ಯ. ಹ್ಯಾಂಗ್ ಗೊತ್ತಾಯ್ತ್?”

“ಗೊತ್ತಾಪ್ದೆ ಎಂತ? ಎಡಗಾಲ್ ಮೊದ್ಲ್ ಎತ್ತಿ ಹಾರುದ್ ನೀನೊಬ್ಳೇ. ಕೊಟ್ಟಿಗೆ ಹಿಂದ್ ಹೋಯಿ ಒಬ್ಳೇ ಕುಣಿತಿದ್ದದ್ ನಂಗ್ ಗೊತ್ತಿಲ್ಲೆ ಅಂದೇಳಿ ಮಾಡಿದ್ಯಾ? ಎಲ್ಲ ಕಾಂತಿದ್ದೆ ನಾನ್.” ಆಮೇಲೆ ದನಿ ತಗ್ಗಿಸಿದರು. “ಲಾಯ್ಕಿತ್ ಹೆಣೇ. ನಾನೇ ಕಲಿಸ್ಕಿದ್ದಿತ್.”

ತಾನೇ ಕಲಿಸಬೇಕಿತ್ತು ಎಂಬ ಆ ಮಾತಿಗೆ ವನಜಳಿಗೆ ಕಣ್ಣು ತುಂಬಿ ಬಂತು. ಹಿಟ್ಟಿನ ಕೈಯಲ್ಲಿ ಒರೆಸಿಕೊಳ್ಳಲೂ ಆಗದೆ ತೋಳಿನಿಂದ ಒತ್ತಿಕೊಂಡಳು. ಪೊರೆ ಬಂದ ಕಣ್ಣಿನ ಆ ಮುದುಕರು, ಐನೂರು ಮೈಲಿ ಆಚೆ ಕೂತು, ಬೆಣ್ಣೆಯ ಮುದ್ದೆಯಲ್ಲಿ ಮಗಳನ್ನು ಕಂಡಿದ್ದರು. ನಾನು ಮೊದಲ ಸಾಲಿನಲ್ಲಿ ಟ್ರೈಪಾಡ್ ಹಾಕಿಕೊಂಡು ಕೂತವನು.

“ಅಲ್ಲ, ಮುಂದೆ ಇಪ್ಪುದ್ ಯಾರ್ ಅದ್? ಅವ್ಳನ್ನೇ ತೆಗ್ದಿರಲೆ! ಪೋಟ ತೆಗ್ದರ್ ಯಾರ್?” ಎಂದು ಕೇಳಿದರು ಮಾವ.

ವನಜ ನನ್ನ ಕಡೆ ಒಮ್ಮೆ ನೋಡಿದಳು. “ಯಾರೋ, ಸಂಘದರ್ ಒಬ್ರ್” ಎಂದಳು. ಆಮೇಲೆ, ಇವರಿದ್ದಾರೆ ಮಾತಾಡಿ ಎಂದು ಮೊಣಕೈಯಿಂದ ಫೋನನ್ನು ನನ್ನ ಕಡೆ ತಳ್ಳಿದಳು.

ಮಾವ ಕ್ಷೇಮಸಮಾಚಾರ ಕೇಳಿದರು. ಕೊನೆಗೆ, “ಆ ಪೋಟ ತೆಗ್ದರಿಗೆ ಒಂದ್ ಮಾತ್ ಹೇಳಿ. ಕ್ಯಾಮ್ರ ಮನೆಯಗೆ ಇಟ್ಟ್, ನಾಕ್ ಆಟ ಸುಮ್ನೆ ಕೂಕಂಡ್ ಕಾಂಬುಕೆ ಹೇಳಿ” ಎಂದರು.

“ಹೇಳ್ತೇನೆ ಮಾವ” ಎಂದೆ. “ನಾನೂ ಅವನಿಗೆ ಎಷ್ಟೋ ಸಲ ಹೇಳಿ ನೋಡಿದೆ. ಕೇಳುವ ಜಾತಿಯಲ್ಲ ಅದು.”