ಅಂಚಿನಲ್ಲಿ ಕೂತ ಕೌರವ

ನಮ್ಮ ಶಿರಸಿ ಸೀಮೆಯಲ್ಲಿ ಯಾವ ಕೆಲಸವನ್ನಾದರೂ ನೆಟ್ಟಗೆ ಮಾಡಲು ಹೊರಟು ನೋಡಿ. ಸಹಾಯಕ್ಕೆಂದು ನಾಲ್ಕು ಜನ ಬಂದೇ ಬರುತ್ತಾರೆ, ಕೆಲಸ ಕೆಟ್ಟೇ ಕೆಡುತ್ತದೆ. ಬೇರೆಯವರಿಗೆ ಅಪರೂಪಕ್ಕೊಮ್ಮೆ ಆಗುವ ಇಂಥ ಫಜೀತಿ ನನಗೆ ಮಾತ್ರ ವಾರ ಬಿಟ್ಟು ವಾರ ಆಗುತ್ತಿರುತ್ತದೆ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ನಾನು ಶಿರಸಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಆಗ ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾವು ಮೂವರು ಸೇರಿ ನಮ್ಮ ಕಡೆಯ ಅಡುಗೆಗಳದ್ದೊಂದು ವಿಕಿ ಮಾಡಿದ್ದೆವು. ವಿಕಿ ಎಂದರೆ ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ತಾಣ. ಮೂವರೆಂದರೆ ನಾನು, ಗುಡ್ನಾಪುರದ ಒಬ್ಬ ನಿವೃತ್ತ ಮಾಸ್ತರರು, ಮತ್ತು ಯಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಪ್ರೋಗ್ರಾಂ ಬರೆಯುವುದನ್ನೂ ಕಲಿತಿದ್ದ ಒಬ್ಬ ಗೆಳೆಯ. ಅಡುಗೆಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಸಿದ್ದಾಪುರ ತಾಲೂಕಿನ ನಿಲ್ಕುಂದದ ನನ್ನ ಸೋದರತ್ತೆಯವು. ಅವಳು ಹೇಳಿದಳು, ನಾನು ಟೈಪು ಮಾಡಿದೆ, ಕೆಳಗೆ ಅವಳ ಹೆಸರು ಹಾಕಿದೆ. ತಪ್ಪು ಮಾಡಿದೆ ಅಂತ ಆಗ ಗೊತ್ತಾಗಲಿಲ್ಲ.

೧. ಬೆಳ್ಳುಳ್ಳಿ

ಒಂದು ದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. ಮದುವೆ ಮನೆಯಲ್ಲಿ ಅವಳಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು.

"ಕೂಸೇ, ಯನ್ನ ಅಪ್ಪೆಹುಳಿಗೆ ಯಾರೋ ಬೆಳ್ಳುಳ್ಳಿ ಹಾಕಿದ್ವಡ!"

ತೆರೆದು ನೋಡಿದರೆ ಹೌದು. ಮಾವಿನಕಾಯಿಯ ಆ ತಿಳಿಸಾರಿನ ಒಗ್ಗರಣೆಯಲ್ಲಿ ಇಂಗು ಇದ್ದ ಜಾಗದಲ್ಲಿ ಯಾವನೋ ಪುಣ್ಯಾತ್ಮ ಬೆಳ್ಳುಳ್ಳಿ ತಂದು ಕೂರಿಸಿದ್ದಾನೆ. ಕೆಳಗೆ ಅತ್ತೆಯ ಹೆಸರು ಹಾಗೇ ಇದೆ. ಬೆಳ್ಳುಳ್ಳಿಯನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಹೆಂಗಸಿನ ಹೆಸರಿನಲ್ಲಿ ಊರಿಗೆಲ್ಲ ಬೆಳ್ಳುಳ್ಳಿ ಬಡಿಸಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ನನಗೂ ಬಂತು. ಬೇಕಾದರೆ ತನ್ನ ಹೆಸರು ಹಾಕಿಕೊಂಡು ಎಷ್ಟು ಬೇಕಾದರೂ ಬೆಳ್ಳುಳ್ಳಿ ಜಜ್ಜಿಕೊಳ್ಳಲಿ, ಕಳ್ಳನ ಹಾಗೆ ಬಂದು ತಿದ್ದಿ ಓಡುವುದೆಂದರೆ ಏನು!

ಅತ್ತೆ ಹೇಳಿದಳು: "ಆನು ಹೇಳಿದ್ದು ಹೇಳಿದಂಗೇ ಇರವು. ಯಾರಿಗೆ ಎಂತ ಹೇಳದು ಇದ್ರೂ ಬದಿಗೆ ಹೆಸರು ಹಾಕಿ ಬರೀಲಿ. ದೊಡ್ಡಬ್ಬದೊಳಗೆ ಹಂಗೆ ಆಗದಿದ್ರೆ ಯಂದೆಲ್ಲ ತೆಗೆದುಬಿಡು."

ದೊಡ್ಡಬ್ಬವೆಂದರೆ ನಮ್ಮಲ್ಲಿ ದೀಪಾವಳಿ. ಅತ್ತೆಯದ್ದೆಲ್ಲ ತೆಗೆದರೆ ನಮ್ಮ ತಾಣದಲ್ಲಿ ಉಳಿಯುವುದು ಒಂದು ಮಜ್ಜಿಗೆ ಮತ್ತು ಮಾಸ್ತರರು ಬರೆದ ಉದ್ದನೆಯ ಮುನ್ನುಡಿ. ಆ ಮುನ್ನುಡಿಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಓದಿದರೆ ತಾನೇ ತಿದ್ದುವುದು!

೨. ಯಾರ ಟಿಪ್ಪಣಿ ಮೇಲೆ?

ಕ್ಲಾಸಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿದೆವು. ನನ್ನ ಯೋಜನೆ ಸರಳವಾಗಿತ್ತು. ಪುಟಕ್ಕೆ ಬೀಗ ಹಾಕುವುದು. ಓದುವವರು ತಮಗೆ ಒಪ್ಪದ ಮಾತನ್ನು ಗುರುತು ಮಾಡಿದರೆ ಪಕ್ಕದ ಅಂಚಿನಲ್ಲಿ ಒಂದು ಚೌಕ ತೆರೆದುಕೊಳ್ಳಬೇಕು, ಅಲ್ಲಿ ಹೆಸರಿನ ಸಮೇತ ಟಿಪ್ಪಣಿ ಬರೆಯಬೇಕು. ಬರೆದ ಮೇಲೆ ಬರೆದವರೂ ಅದನ್ನು ಅಳಿಸಬಾರದು.

ಮಾಸ್ತರರಿಗೆ ಬೀಗ ಹಿಡಿಸಲಿಲ್ಲ. "ಕೀಲಿ ಹಾಕಿದ ಮ್ಯಾಲೆ ಅದು ವಿಕಿ ಹೆಂಗಾಗ್ತದ್ರಿ ಅಕ್ಕೋರ? ದೀಪಾವಳಿ ತನಕ ನೋಡೂಣು. ಮಂದಿ ಟಿಪ್ಪಣಿ ಬರದ್ರ ಸೈ. ಇಲ್ಲಾಂದ್ರ ಕೀಲಿ ತಗೀರಿ" ಎಂದರು. ಬೀಗ ತೆಗೆದರೆ ಅತ್ತೆ ಹೋಗುತ್ತಾಳೆ, ಅತ್ತೆ ಹೋದರೆ ತಾಣವೇ ಹೋಗುತ್ತದೆ. ಬೇರೆ ದಾರಿಯಿಲ್ಲದೆ ಒಪ್ಪಿದೆ.

ಆಮೇಲೆ ಯಲ್ಲಾಪುರದ ಗೆಳೆಯ ಒಂದು ಪ್ರಶ್ನೆ ಹಾಕಿದ. ಒಂದೇ ಮಾತಿಗೆ ಇಬ್ಬರು ಟಿಪ್ಪಣಿ ಬರೆದರೆ ಯಾರದ್ದು ಮೇಲೆ ಬರಬೇಕು? ಮೊದಲು ಬರೆದವರದ್ದು ಎಂದೆ. ಇಷ್ಟಕ್ಕೆ ಮುಗಿಯಬೇಕಿತ್ತು.

"ಛೇ ಛೇ, ಹಿರ್‍ಯಾರು ತಡವಾಗಿ ಬಂದ್ರ ಅವರನ್ನ ಪಂಕ್ತಿ ತುದಿಗೆ ಕುಂದರಸ್ತೀರೇನ್ರಿ?" ಎಂದರು ಮಾಸ್ತರರು. ಹಿರಿಯರ ಟಿಪ್ಪಣಿ ಮೇಲೆ ಬರಬೇಕೆಂದರೆ ಬರೆಯುವವರ ವಯಸ್ಸು ಕೇಳಬೇಕು. ಹೆಂಗಸರು ವಯಸ್ಸು ಹೇಳುವುದಿಲ್ಲ ಎಂದ ಗೆಳೆಯ. ಹಾಗಾದರೆ ಊರಿನ ಹೆಸರು ಕೇಳಿ, ನೆಂಟಸ್ತನ ನೋಡಿ ತೀರ್ಮಾನಿಸೋಣ ಎಂದರು ಮಾಸ್ತರರು. ಕಂಪ್ಯೂಟರು ನೆಂಟಸ್ತನ ಹೇಗೆ ನೋಡುತ್ತದೆ ಎಂದು ನಾನು ಕೂಗಾಡಿದೆ. ಚಹಾ ಬಂತು, ಅವಲಕ್ಕಿ ಬಂತು, ಎಲೆಅಡಿಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಒಮ್ಮತದಿಂದ ಆದ ತೀರ್ಮಾನ ಒಂದೇ: ಮುಂದಿನ ಸಭೆ ಯಲ್ಲಾಪುರದಲ್ಲಿ, ಅಲ್ಲಿ ಅವಲಕ್ಕಿ ಇದಕ್ಕಿಂತ ಚೆನ್ನಾಗಿರುತ್ತದೆ.

೩. ನಾಲ್ಕನೇ ಹಂತ

ಸಭೆಯ ಸಹವಾಸವೇ ಬೇಡವೆಂದು ಯೋಜನೆಯನ್ನು ಹಂತ ಹಂತವಾಗಿ ಬರೆದು ನಮ್ಮ ವಿಕಿಯಲ್ಲೇ ಹಾಕಿದೆ. ಗೆಳೆಯ ಅದನ್ನು ನೋಡಿಕೊಂಡು ಪ್ರೋಗ್ರಾಂ ಬರೆಯಬೇಕು, ಓದುಗರು ಸಲಹೆ ಕೊಡಬೇಕು. ಆ ಪುಟಕ್ಕೆ ಇನ್ನೂ ಬೀಗವಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕು ದಿನ ಬಿಟ್ಟು ಯಲ್ಲಾಪುರದಿಂದ ಫೋನು. "ಅಕ್ಕಾ, ಮೂರು ಹಂತ ಮುಗೀತು. ನಾಲ್ಕನೇದು ಸ್ವಲ್ಪ ಕಷ್ಟ ಇದೆ."

"ಎಂತ ಕಷ್ಟ?"

"ಬೆಲ್ಲ ಹಾಕಿ ಹದವಾಗಿ ಕುದಿಸಿ ಅಂತ ಬರೆದಿದ್ದೀರಲ್ಲ, ಅದು ಯಾವ ಭಾಗದ ಗುಟ್ಟಿನ ಹೆಸರು ಗೊತ್ತಾಗ್ಲಿಲ್ಲ."

ಯಾರೋ ಪಾಯಸ ತಿದ್ದಲು ಹೋಗಿ ನನ್ನ ಯೋಜನೆಯನ್ನು ತಿದ್ದಿದ್ದರು. ನನ್ನ ನಾಲ್ಕನೇ ಹಂತ ಮಂಗಮಾಯ, ಅದರ ಜಾಗದಲ್ಲಿ ಬೆಲ್ಲ ಕುದಿಯುತ್ತಿತ್ತು. ಬಾಯಿಗೆ ಬಂದ ಹಾಗೆ ಬೈದೆ, ಬೈಸಿಕೊಳ್ಳಲು ಗೆಳೆಯನ ಹೊರತು ಯಾರೂ ಇರಲಿಲ್ಲ. ಅವನು ಎಲ್ಲ ಕೇಳಿ, "ಸರಿ ಅಕ್ಕಾ, ಹಾಗಾದ್ರೆ ಐದನೇ ಹಂತದ ಏಲಕ್ಕಿನೂ ಬಿಟ್ಟುಬಿಡಲಾ?" ಎಂದ.

೪. ಅಡ್ಡಿಲ್ಲೆ

ಅಂತೂ ಪ್ರೋಗ್ರಾಂ ತಯಾರಾಯಿತು. ಮಾತನ್ನು ಗುರುತು ಮಾಡಿದರೆ ಚೌಕ ತೆರೆಯುತ್ತದೆ, ಬರೆದರೆ ಅಂಚಿನಲ್ಲಿ ಕೂರುತ್ತದೆ. ಎಲ್ಲರಿಗೂ ತಿಳಿಸಿ ಕಾದೆ. ಟಿಪ್ಪಣಿಗಳು ಬಂದವು. ತಂಬುಳಿಗೆ ಒಬ್ಬರು "ಅಡ್ಡಿಲ್ಲೆ", ಅಂದರೆ ಪರವಾಗಿಲ್ಲ, ಎಂದು ಬರೆದಿದ್ದರು. ಕಾಗದದಂತೆ ತೆಳ್ಳಗಿನ ಸಿಹಿ ತಿಂಡಿ ತೊಡದೇವಿಗೆ ಇನ್ನೊಬ್ಬರು "ಅಡ್ಡಿಲ್ಲೆ". ಅಪ್ಪೆಹುಳಿಗೆ ಮೂರು ಜನ, ಮೂರೂ "ಅಡ್ಡಿಲ್ಲೆ". ಬದಿಗೆ ಬರೆಯಲು ಜಾಗವಿಲ್ಲದಿದ್ದಾಗ ಒಬ್ಬರ ಅಡುಗೆಯನ್ನು ಬುಡಮೇಲು ಮಾಡಿದ ಶೂರರು ಇವರೇ! "ಇವನ್ನ ಟಿಪ್ಪಣಿ ಅಂತ ಹೆಂಗ ಅನ್ನೂದ್ರಿ?" ಎಂದು ಮಾಸ್ತರರು ಬೀಗದ ಕಡೆ ನೋಡತೊಡಗಿದರು. ಹಬ್ಬ ಹತ್ತಿರ ಬರುತ್ತಿತ್ತು.

ಕಾನಸೂರಿನ ಭಟ್ಟರೊಬ್ಬರು ಅತ್ತೆಯ ತೊಡದೇವಿನಲ್ಲಿ ಹದ ತಪ್ಪಿದೆಯೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನಗೆ ಅರ್ಧ ತಾಸು ಪಾಠ ಹೇಳಿದ್ದರು. "ಅಡ್ಡಿಲ್ಲೆ" ಎಂದು ಬರೆದವರಲ್ಲಿ ಅವರೂ ಇದ್ದರು. ಹಿಡಿದುಕೊಂಡು ಕೇಳಿದೆ.

"ಭಟ್ರೆ, ಅವತ್ತು ಹೇಳಿದ್ದು ಎಂತಕ್ಕೆ ಬರೆಯಲ್ಲೆ?"

"ಹೆಸರು ಕಾಣ್ತಲೆ ಕೂಸೇ. ನಿನ್ನ ಅತ್ತೆ ಮನೆ ನೆಂಟರಿಗೆ ಯಮ್ಮನೆ ಕೂಸಿನ ಕೊಟ್ಟಿದ್ದು. ನಾಳೆ ಊಟಕ್ಕೆ ಕೂತಾಗ ಮಖ ನೋಡದು ಹೆಂಗೆ?"

"ಮತ್ತೆ ಹೆಸರಿಲ್ಲದೆ ಬರೀತ್ರಾ?"

"ಹೋ, ಬೇಕಾದಷ್ಟು!"

ಹೆಸರಿಲ್ಲದವರ ಮಾತು ಬೇಡವೆಂದು ಅತ್ತೆ, ಹೆಸರು ಹಾಕಿ ಮಾತಾಡುವುದಿಲ್ಲವೆಂದು ಊರು. ನಡುವೆ ಸಿಕ್ಕಿಕೊಂಡವಳು ನಾನು. ಇಂಥ ಮರ್ಯಾದಸ್ಥ ಹೇಡಿಗಳನ್ನು ನಾನು ಎಲ್ಲೂ ಕಂಡಿಲ್ಲ ಎಂದು ಭಟ್ಟರ ಮುಖಕ್ಕೇ ಹೇಳಿದೆ. ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, "ಅದು ಹೌದು" ಎಂದು ಎಲೆಗೆ ಸುಣ್ಣ ಹಚ್ಚಿದರು.

೫. ಪಾತ್ರ

ದಾರಿ ತೋರಿಸಿದವರೂ ಆ ಭಟ್ಟರೇ. ಅವರು ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕೂತು ಪುರಾಣದ ಪಾತ್ರವಾಗಿ ಎದುರಿನವರೊಂದಿಗೆ ವಾದ ಮಾಡುವುದು. ಸ್ವಂತ ಮಾವನಿಗೇ "ಎಲವೋ ಮೂಢ" ಎಂದು ಬೈದು, ಪ್ರಸಂಗ ಮುಗಿದ ಮೇಲೆ ಅದೇ ಮಾವನ ಜೊತೆ ಕಷಾಯ ಕುಡಿಯಬಹುದು. ಅಲ್ಲಿ ಹೇಳಿದ್ದಕ್ಕೆ ಯಾರೂ ಸಿಟ್ಟು ಇಟ್ಟುಕೊಳ್ಳುವ ಹಾಗಿಲ್ಲ.

"ಹೆಸರು ಇರಲಿ, ಆದ್ರೆ ಪಾತ್ರದ ಹೆಸರು. ಒಬ್ಬರಿಗೆ ಒಂದು ಪಾತ್ರ" ಎಂದರು ಭಟ್ಟರು. ಅತ್ತೆಗೆ ಹೇಳಿದರೆ, ಅವಳೂ ರಾತ್ರಿಯಿಡೀ ತಾಳಮದ್ದಲೆ ಕೇಳಿ ಬೆಳೆದವಳಲ್ಲವೇ, ತಕ್ಷಣ ಒಪ್ಪಿದಳು.

ಗೆಳೆಯ ಪಾತ್ರಗಳನ್ನು ಸೇರಿಸಿದ್ದೇ ತಡ, ಕಟ್ಟೆ ಒಡೆಯಿತು. ಕರ್ಣ ತಂಬುಳಿಗೆ ಉಪ್ಪು ದಾನ ಮಾಡಿದ. ಶಕುನಿ ತೊಡದೇವಿನ ಹದದಲ್ಲಿ ಮೋಸವಿದೆಯೆಂದ. ಕೃಷ್ಣ ಎಲ್ಲ ಅಂಚಿನಲ್ಲೂ ಸಂಧಾನಕ್ಕೆ ಕೂತ. ಹಾಗಲಕಾಯಿ ಗೊಜ್ಜಿನ ಪುಟದಲ್ಲಂತೂ ಕೌರವನೊಬ್ಬ ಗೊಜ್ಜಿಗಿಂತ ಉದ್ದ ಬರೆದಿದ್ದ: "ಎಲೈ ಪಾಚಕಿಯೇ, ಹಸ್ತಿನಾವತಿಯ ಅರಸನಾದ ನನಗೆ ಸೋಮವಾರ ಹಾಗಲ, ಬುಧವಾರ ಹಾಗಲ, ಶುಕ್ರವಾರವೂ ಹಾಗಲವೇ? ಇದಕ್ಕಿಂತ ವನವಾಸಕ್ಕೆ ನಾನೇ ಹೋಗುತ್ತಿದ್ದೆನಲ್ಲ!" ಮಾಸ್ತರರು ಓದಿ ಓದಿ ನಕ್ಕು, ಬೀಗದ ಮಾತು ಬಿಟ್ಟರು.

ನನ್ನ ಚಿಂತೆಯೇ ಬೇರೆ. ಇಷ್ಟು ಬೈಗುಳ ಓದಿದ ಮೇಲೆ ಅತ್ತೆ ಉಳಿಯುತ್ತಾಳೆಯೇ? ಹಬ್ಬದ ಪೇಟೆಗೆಂದು ಶಿರಸಿಗೆ ಬಂದವಳು ನೇರ ಕ್ಲಾಸಿಗೇ ಬಂದಳು. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿಸಿದಳು. ಕರ್ಣನಿಗೆ ತಲೆದೂಗಿದಳು, ಶಕುನಿಗೆ ನಕ್ಕಳು. ಕೌರವನ ಹತ್ತಿರ ನಗು ನಿಂತಿತು.

"ಇದು ಯಾರು ಗೊತ್ತಿದ್ದಾ?"

"ಇಲ್ಲೆ ಅತ್ತೆ. ಸಿದ್ದಾಪುರದ ಸೈಬರ್‌ನಿಂದ ಯಾರೋ ಬರೆದಿದ್ದ."

"ಸೋಮವಾರ, ಬುಧವಾರ, ಶುಕ್ರವಾರ ಹಾಗಲಕಾಯಿ ಮಾಡದು ಇಡೀ ತಾಲೂಕಿಗೆ ಆನೊಬ್ಬಳೇಯ. ನಿನ್ನ ಮಾವಂಗೆ ಸಕ್ಕರೆ ಕಾಯ್ಲೆ ಹೇಳಿ ಮಾಡ್ತಾ ಇದ್ದಿ."

ಮಾವನೆಂದರೆ ಎಲೆಯ ಮುಂದೆ ಇವತ್ತಿನ ತನಕ ಒಂದು ಮಾತು ಎತ್ತದ ಮನುಷ್ಯ. ಬಡಿಸಿದ್ದು ಉಂಡು, ಕೈ ತೊಳೆದು ಏಳುವವರು. ಎಲ್ಲ ಮುಗಿಯಿತು, ಇವತ್ತೇ ಎಲ್ಲ ಅಡುಗೆ ಅಳಿಸಬೇಕು ಎಂದುಕೊಂಡೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದಳು.

"ಭೀಮನ ಪಾತ್ರ ಯಾರಾದ್ರೂ ತಗೈಂದ್ವಾ?"

"ಇಲ್ಲೆ, ಖಾಲಿ ಇದ್ದು."

"ಯಂಗೆ ಕೊಡು. ಆನು ಹೇಳ್ತೆ, ನೀನು ಬರಿ."

ಬರೆದೆ. "ಎಲವೋ ಕೌರವಾ, ನಿನ್ನ ತೊಡೆ ಮುರಿಯಲು ಗದೆ ಎತ್ತುವ ಅಗತ್ಯವಿಲ್ಲ. ನಾಳೆಯಿಂದ ಮಂಗಳವಾರ, ಗುರುವಾರ, ಶನಿವಾರವೂ ಹಾಗಲಕಾಯಿ."

ತನ್ನ ಒಂದು ಅಡುಗೆಯನ್ನೂ ತೆಗೆಸದೆ, ಇನ್ನೂ ಮೂರು ಹಾಗಲಕಾಯಿ ಅಡುಗೆ ಬರೆಸಿ ಅತ್ತೆ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಫೋನು ಬಂತು. ಮಾವ, ಪಿಸುದನಿಯಲ್ಲಿ.

"ಕೂಸೇ, ಕೌರವಂದು ಅಳಿಸಲೆ ಬತ್ತಾ?"

"ಬತ್ತಿಲ್ಲೆ ಮಾವಾ. ಬರೆದದ್ದು ಯಾರಿಗೂ ಅಳಿಸಲೆ ಆಗ್ತಿಲ್ಲೆ."



"ಹಂಗಾರೆ ಯಂಗೆ ಧರ್ಮರಾಯನ ಪಾತ್ರ ಕೊಡೆ ಮಾರಾಯ್ತಿ. ಹಾಗಲಕಾಯಿ ಅಂದ್ರೆ ಯಂಗೆ ಪ್ರಾಣ ಹೇಳಿ ಬರೆಯವು."